ನೈಲಾನೋ, ಬ್ರೇಯ್ಡೋ

ಎಂಥ ಸುಳ್ಳುಗಾರನನ್ನು ಬೇಕಾದರೂ ಕರೆತನ್ನಿ ಸ್ವಾಮಿ, ನಮ್ಮ ಅವಿನಾಶನ ಎದುರು ಇಂಟರ್ವಲ್‌ವರೆಗೂ ನಿಲ್ಲಲಾರ. ಕಡ್ಡಾಯದ ಮಿಲಿಟರಿ ಟ್ರೈನಿಂಗಿನಲ್ಲಿದ್ದಾಗ ಅಜ್ಜಿಯ ದನಿಯಲ್ಲಿ ತಾನೇ ಫೋನ್ ಮಾಡಿ ಸಾರ್ಜೆಂಟನಿಂದ ರಜೆ ಗಿಟ್ಟಿಸಿದವನು ಅವನು. ಹೀರೋನ ಗುಡುಗು, ವಿಲನ್ನಿನ ನಗು, ಹೀರೋಯಿನ್ ಅಪ್ಪನ ಕೆಮ್ಮು, ಎಲ್ಲವೂ ಅವನ ಗಂಟಲಲ್ಲೇ ಬಾಡಿಗೆಗಿವೆ. ಅವನ ಸುಳ್ಳನ್ನು ಹಿಡಿದವರು ಇದುವರೆಗೆ ಯಾರೂ ಇಲ್ಲ.

ಅಂಥವನು ಇವತ್ತು ಜುರಾಂಗ್ ವೆಸ್ಟ್‌ನ ತನ್ನ ಬ್ಲಾಕಿನ ನೆಲಮಹಡಿಯ ತೆರೆದ ವಾಯ್ಡ್ ಡೆಕ್‌ನಲ್ಲಿ, ಜಾರುವ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಅಪ್ಪ ಹೇಗೆ ಸತ್ತರೆಂದು ದೊಡ್ಡಪ್ಪನಿಗೆ ಹೇಳುತ್ತಿದ್ದ. ದೊಡ್ಡಪ್ಪ ನಾರಾಯಣ ಮೈಸೂರಿನಿಂದ ರಾತ್ರೋರಾತ್ರಿ ಹೊರಟು ಆಗಷ್ಟೇ ಬಂದಿಳಿದಿದ್ದರು. ಚಾಂಗಿ ಏರ್‌ಪೋರ್ಟಿನಿಂದ ತಂದ ಬ್ಯಾಗು ಇನ್ನೂ ಹೆಗಲಿನಲ್ಲೇ ಇತ್ತು.

"ದೇವರ ಮುಂದೇನೇ ದೊಡ್ಡಪ್ಪ. ಮಂಗಳಾರತಿ ತಗೊಂಡ್ರು, ಕಣ್ಣಿಗೆ ಒತ್ಕೊಂಡ್ರು, ಕಂಬಕ್ಕೆ ಒರಗಿ ಕೂತ್ರು. ಅಷ್ಟೇ."

"ಏನೂ ಮಾತಾಡ್ಲಿಲ್ವಾ?"

"ನಾರಾಯಣ ಅಂದ್ರಂತೆ."

ದೊಡ್ಡಪ್ಪ ಹೆಗಲಿನ ಬ್ಯಾಗನ್ನು ಕೆಳಗಿಟ್ಟರು. ತಮ್ಮ ಕರೆದದ್ದು ದೇವರನ್ನೋ ತನ್ನನ್ನೋ ಎಂದು ಅವರು ಕೇಳಲಿಲ್ಲ. ಗಾಜಿನ ಮುಚ್ಚಳದ ಪೆಟ್ಟಿಗೆಯ ಹತ್ತಿರ ಹೋಗಿ, ಒಳಗೆ ಮಲಗಿದ್ದ ತಮ್ಮ ಗಿರಿಧರನ ಮುಖವನ್ನು ನೋಡುತ್ತಾ ನಿಂತುಬಿಟ್ಟರು.

"ಏಕಾದಶಿ ದಿನ, ಅದೂ ದೇವಸ್ಥಾನದಲ್ಲಿ," ಎಂದರು ಪಕ್ಕದ ಬ್ಲಾಕಿನ ಪದ್ಮಜಾ ಆಂಟಿ. "ಯಾರಿಗುಂಟು ಯಾರಿಗಿಲ್ಲ. ನಮ್ಮನೆಯವರು ಹೋದ್ರೆ ಆಫೀಸ್ ಮೀಟಿಂಗಲ್ಲೇ ಹೋಗೋದು ನೋಡಿ."

ಯಾರೂ ನಗಲಿಲ್ಲ. ಶಾಮಿಯಾನದ ಚೀನೀ ಕಂಟ್ರಾಕ್ಟರ್ ತಮ್ಮವರ ಸಾವಿನ ಮನೆಯ ರೂಢಿಯಂತೆ ಮೇಜಿನ ಮೇಲೆ ಕಡಲೆಕಾಯಿ, ಕೆಂಪು ದಾರದ ತುಂಡುಗಳನ್ನು ಇಟ್ಟುಹೋಗಿದ್ದ. ಜನ ಏನು ಮಾಡಬೇಕೆಂದು ತೋಚದೆ ಕಡಲೆಕಾಯಿಯನ್ನು ಬಿಡಿಸಿ, ತಿನ್ನದೆ, ಹಾಗೇ ಇಡುತ್ತಿದ್ದರು.

ಅಮ್ಮ ಹಂಸಾ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಒಂದೇ ಟವೆಲನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು.

"ಅವಿ, ಉಪವಾಸ ಇದ್ರು ಕಣೋ. ಒಂದು ಲೋಟ ಹಾಲು ಕುಡ್ಕೊಂಡು ಹೋಗಿ ಅಂದೆ. ಬಂದು ಕುಡೀತೀನಿ ಅಂದ್ರು."

"ಹೂಂ ಅಮ್ಮ."

"ಹಾಲು ಇನ್ನೂ ಹಾಗೇ ಇದೆ."

* * *

ನಿನ್ನೆ ಫೋನ್ ಬಂದಾಗ ಅವಿನಾಶ ಬುಗಿಸ್‌ನಲ್ಲಿ ಗೆಳೆಯರ ಮುಂದೆ ಕೋರ್ಟ್ ಸೀನ್ ಮಾಡುತ್ತಿದ್ದ. ಸ್ಕ್ರೀನಿನಲ್ಲಿ ಅಪ್ಪನ ನಂಬರು. ಅವನು ಜಡ್ಜಿನ ದನಿಯಲ್ಲೇ, "ಆರ್ಡರ್ ಆರ್ಡರ್, ಮುದ್ದಾಯಿ ಮಾತಾಡಬಹುದು," ಎಂದ.

ಆ ಕಡೆಯಿಂದ ಅಪ್ಪನ ದನಿ ಬರಲಿಲ್ಲ. ಯಾರೋ ಮುದುಕ, ಉಸಿರುಕಟ್ಟಿದಂತೆ: "ಯೂ ಸನ್? ಯುವರ್ ಫಾದರ್ ಫಾಲ್ ಡೌನ್. ಮೈ ಶಾಪ್. ಕಮ್ ಫಾಸ್ಟ್."

ಶಾಪ್ ಎಂದರೆ ಕ್ಲೆಮೆಂಟಿಯ ಗಾಳದ ಸಾಮಾನಿನ ಅಂಗಡಿ. ಅವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪನ ಚಪ್ಪಲಿಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಗೆ ಕೊಟ್ಟರು. ಅದನ್ನು ಹಿಡಿದುಕೊಂಡೇ ಅಮ್ಮನಿಗೆ ಫೋನ್ ಮಾಡಿದ. ವಿಷಯ ಹೇಳಿದ. ಆಮೇಲೆ ಅಮ್ಮ ಕೇಳಿದಳು.

"ದೇವಸ್ಥಾನದಲ್ಲೇನೋ?"

ದೇವಸ್ಥಾನಕ್ಕೆಂದೇ ಹೇಳಿ ಅಪ್ಪ ಮನೆಯಿಂದ ಹೊರಟಿದ್ದರು. ಅವಿನಾಶ ಚಪ್ಪಲಿಯ ಚೀಲವನ್ನು ನೋಡಿದ.

"ಹೂಂ," ಎಂದ.

ಇಷ್ಟೇ ಅವನು ಮಾಡಿದ್ದು. ಕತೆಯ ಫಸ್ಟ್ ಹಾಫ್ ಅಪ್ಪನದು. ಇವನು ಅದಕ್ಕೆ ಸೆಕೆಂಡ್ ಹಾಫ್ ಜೋಡಿಸಿದ.

* * *

ಗಿರಿಧರ್ ಜುರಾಂಗ್ ಐಲ್ಯಾಂಡಿನ ರಿಫೈನರಿಯೊಂದರಲ್ಲಿ ಎಂಜಿನಿಯರ್. ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು. ಮೊಟ್ಟೆಯನ್ನು ಕೂಡ ಹೊಸಿಲು ದಾಟಿಸದ ಮನುಷ್ಯ. ಮುಸ್ತಫಾ ಅಂಗಡಿಯಲ್ಲಿ ತೊಗರಿಬೇಳೆ ಆರಿಸಲು ಅರ್ಧ ತಾಸು ಬೇಕು ಅವರಿಗೆ. ಅಂಥವರನ್ನು ಸಹೋದ್ಯೋಗಿಯೊಬ್ಬ ಒಂದು ಶನಿವಾರ ಬೋಟಿಗೆ ಕರೆದೊಯ್ದ. ಸಂಜೆ ಮುಖ ಸುಟ್ಟುಕೊಂಡು, ಮದುವೆ ದಿಬ್ಬಣದಿಂದ ಬಂದವರ ಹಾಗೆ ನಗುತ್ತಾ ಮನೆಗೆ ಬಂದರು.

ಅಲ್ಲಿಂದ ಶುರುವಾಯಿತು ಟ್ರೋಲಿಂಗ್ ಎಂಬ ಹುಚ್ಚು. ಬೋಟು ನಿಧಾನವಾಗಿ ಹೋಗುತ್ತಿರಬೇಕು, ಹಿಂದೆ ಉದ್ದಕ್ಕೆ ದಾರ ಬಿಟ್ಟಿರಬೇಕು, ದಾರದ ತುದಿಯ ಪ್ಲಾಸ್ಟಿಕ್ ಮೀನು ನೀರಿನಲ್ಲಿ ಈಜಿದಂತೆ ಬರಬೇಕು. ಅದನ್ನು ನಿಜವಾದ ಮೀನೆಂದು ನಂಬಿ ತೆಂಗಿರಿ, ಎಂದರೆ ನಮ್ಮ ಕರಾವಳಿಯವರ ಅಂಜಲ್, ನುಗ್ಗಿ ಬಂದು ಕಚ್ಚುತ್ತದೆ. ಗಿರಿಧರ್ ಅದನ್ನು ಮೇಲೆ ಎಳೆದು, ಕೊಕ್ಕೆ ಬಿಡಿಸಿ, ವಾಪಸ್ಸು ನೀರಿಗೆ ಬಿಡುತ್ತಿದ್ದರು. ತಿನ್ನುವ ಪ್ರಶ್ನೆಯೇ ಇಲ್ಲ. ಮೈಸೂರಿಗೆ ಸುದ್ದಿ ಮುಟ್ಟಿಸುವ ಪ್ರಶ್ನೆ ಮೊದಲೇ ಇಲ್ಲ.

ಅವರ ನಿಜವಾದ ಸುಖವಿದ್ದದ್ದು ದಾರ ಆರಿಸುವುದರಲ್ಲಿ. ನೈಲಾನೋ, ಬ್ರೇಯ್ಡೋ? ಭಾನುವಾರ ಉಪ್ಪಿಟ್ಟಿನ ತಟ್ಟೆಗಳನ್ನು ಸರಿಸಿ, ಎರಡನ್ನೂ ಡೈನಿಂಗ್ ಟೇಬಲ್ಲಿನ ಮೇಲೆ ಹಾಸುತ್ತಿದ್ದರು.

"ಹಂಸಾ, ಆ ತುದಿ ಹಿಡ್ಕೊ. ಜೋರಾಗಿ ಎಳಿ."

"ಒಲೆ ಮೇಲೆ ಸಾರಿದೆ ರೀ."

"ಕುದೀಲಿ ಬಿಡು. ನೋಡು, ಇದು ನೈಲಾನು. ಎಳೆದಷ್ಟೂ ಬರುತ್ತಲ್ಲ? ಮೀನು ಜಗ್ಗಿದಾಗ ಹೀಗೇ ಸ್ವಲ್ಪ ಬಿಟ್ಟುಕೊಡುತ್ತೆ. ಕೊಕ್ಕೆ ಬಾಯಲ್ಲಿ ಭದ್ರವಾಗಿ ಕೂರುತ್ತೆ, ಹರ್ಕೊಂಡ್ ಬರಲ್ಲ. ಈಗ ಈ ಬ್ರೇಯ್ಡ್ ಎಳಿ. ಹೆಣೆದಿರೋ ದಾರ, ಒಂದಿಷ್ಟೂ ಬಗ್ಗಲ್ಲ. ಕಡಲಾಚೆ ಸೊಳ್ಳೆ ಮುಟ್ಟಿದ್ರೂ ಕೈಗೆ ಗೊತ್ತಾಗುತ್ತೆ. ಆದ್ರೆ ದೊಡ್ಡ ಮೀನು ಜಗ್ಗಿದ್ರೆ ಕೊಕ್ಕೆ ಕಿತ್ಕೊಂಡ್ ಬರುತ್ತೆ."

"ನನ್ನ ಬೆರಳು ಕಿತ್ಕೊಂಡ್ ಬರುತ್ತೆ ಈಗ."

ಅವಿನಾಶ ಸೋಫಾದಿಂದ ವಿಲನ್ ದನಿಯಲ್ಲಿ, "ದಾರ ಯಾವುದಾದರೇನು, ಬೇಟೆ ನನ್ನದೇ," ಎನ್ನುತ್ತಿದ್ದ. ಅಪ್ಪ ತಿರುಗಿ ನೋಡುತ್ತಿರಲಿಲ್ಲ. ತಿಂಗಳುಗಟ್ಟಲೆ ಯೋಚಿಸಿ, ಕೊನೆಗೆ ಅಂಗಡಿಗೆ ಹೋಗಿ, ಏನೂ ಕೊಳ್ಳದೆ ಬರುತ್ತಿದ್ದರು.

ಹೋದ ವರ್ಷ ಟ್ಯಾಂಪಿನೀಸ್‌ನಲ್ಲಿರುವ ಮಗಳು ಪ್ರಣತಿಗೆ ಆರನೇ ತಿಂಗಳಲ್ಲಿ ಗರ್ಭ ನಿಲ್ಲಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದವಳು, "ಅಮ್ಮ, ಅಪ್ಪ ಎಷ್ಟು ಮೀನಿನ ಬಾಯಿ ಹರಿದಿದಾರೋ," ಎಂದಳು. ನೋವಿನಲ್ಲಿ ಆಡಿದ ಮಾತು. ಹಂಸಾಳ ಎದೆಯಲ್ಲಿ ಅದು ಮುಳ್ಳಿನಂತೆ ಕೂತಿತು. ಮನೆಗೆ ಬಂದವಳೇ ದೇವರ ದೀಪದ ಮುಂದೆ ಗಂಡನ ಕೈ ಹಿಡಿದು ಮಾತು ತೆಗೆದುಕೊಂಡಳು: ಇನ್ನು ಯಾವ ಮೀನಿನ ಬಾಯಿಗೂ ಕೊಕ್ಕೆ ಹಾಕುವುದಿಲ್ಲ. ಗಿರಿಧರ್ ಎದುರು ಮಾತಾಡದೆ ಕೈಯಲ್ಲಿ ಕೈ ಇಟ್ಟರು.

ಈಗ ಪ್ರಣತಿಗೆ ಮತ್ತೆ ಏಳು ತಿಂಗಳು. ಬಸುರಿ ಹೆಣದ ಮುಂದೆ ಬರಬಾರದೆಂದು ಅವಳನ್ನು ಮೇಲೆ ಮನೆಯಲ್ಲೇ ಕೂರಿಸಿದ್ದರು. ಅಪ್ಪ ಸತ್ತದ್ದು ಗಾಳದ ಅಂಗಡಿಯಲ್ಲಿ ಎಂದು ತಿಳಿದರೆ, ಮಗು ಹುಟ್ಟುವವರೆಗೆ ಅಕ್ಕ ಏನೇನು ಲೆಕ್ಕ ಹಾಕುತ್ತಾಳೆಂದು ಅವಿನಾಶನಿಗೆ ಗೊತ್ತಿತ್ತು. ಅದಕ್ಕೇ ಮಂಗಳಾರತಿ, ಅದಕ್ಕೇ ಕಂಬ, ಅದಕ್ಕೇ ನಾರಾಯಣ.

* * *

ಹೆಣದ ವ್ಯಾನು ಬಂದು ನಿಂತಾಗಲೇ ಆ ಮುದುಕನೂ ಬಂದ. ಬಿಳಿ ಬನಿಯನ್ನು, ಖಾಕಿ ಚಡ್ಡಿ, ಕೈಯಲ್ಲಿ ಮೀನಿನ ಚಿತ್ರವಿದ್ದ ನೀಲಿ ಚೀಲ. ಅಂಗಡಿಯ ಕೊ ಅಂಕಲ್. ಪೆಟ್ಟಿಗೆಯ ಮುಂದೆ ಮೂರು ಸಲ ಬಗ್ಗಿದ. ಅವಿನಾಶ ಓಡಿ ಅಡ್ಡ ನಿಲ್ಲುವಷ್ಟರಲ್ಲಿ, ಅಮ್ಮನ ಎದುರು ಹೋಗಿ ನಿಂತಿದ್ದ.

"ಮೇಡಂ, ಸಾರಿ. ಮೈ ಶಾಪ್ ಹಿ ಫಾಲ್ ಡೌನ್. ಐ ಕಾಲ್ ಆಂಬುಲೆನ್ಸ್. ಟೂ ಲೇಟ್ ಅಲ್ರೆಡಿ."

ಹಂಸಾಳ ಕೈಯಲ್ಲಿ ಟವೆಲು ನಿಂತಿತು.

"ಶಾಪ್? ಯಾವ ಶಾಪ್?"

ದೊಡ್ಡಪ್ಪ ಚೀಲದ ಮೇಲಿನ ಮೀನನ್ನು ನೋಡಿದರು, ಅವಿನಾಶನನ್ನು ನೋಡಿದರು. "ಏನೋ ಇದು? ದೇವಸ್ಥಾನ ಅಂದ್ಯಲ್ಲೋ."

"ದೊಡ್ಡಪ್ಪ..."

"ನಾರಾಯಣ ಅಂದಿದ್ದು?"

ಅವಿನಾಶನ ಗಂಟಲಲ್ಲಿ ಆಗ ಯಾವ ಹೀರೋನೂ ಇರಲಿಲ್ಲ. ಪದ್ಮಜಾ ಆಂಟಿ ಕಡಲೆಕಾಯಿಯೊಂದನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಹಾಗೇ ಕೂತಿದ್ದರು.

ಕೊ ಅಂಕಲ್‌ನ ಇಂಗ್ಲಿಷ್ ಅಲ್ಲಿಗೇ ಮುಗಿದಿತ್ತು. ಮುಂದಿನದೆಲ್ಲ ಮಲಯ್. ಅಮ್ಮನಿಗೆ ಮಾರ್ಕೆಟ್ಟಿನ ಮಲಯ್ ಬಿಟ್ಟು ಬೇರೆ ಬಾರದು. ಅಲ್ಲಿದ್ದವರಲ್ಲಿ ಅವಿನಾಶನಿಗೊಬ್ಬನಿಗೇ, ಮಿಲಿಟರಿಯ ಗೆಳೆಯರಿಂದ ಕಲಿತದ್ದು, ಚೆನ್ನಾಗಿ ಬರುತ್ತಿತ್ತು. ಮುದುಕ ಚೀಲವನ್ನು ಅವನ ಕೈಗೆ ಕೊಟ್ಟು, ಕೈ ಆಡಿಸುತ್ತಾ ಹೇಳುತ್ತಲೇ ಹೋದ. ಅವಿನಾಶ ಚೀಲದೊಳಗೆ ನೋಡಿದ. ಬೆನ್ನು ತಿರುಗಿಸಿ ಪಂಚೆ ಸರಿಮಾಡಿಕೊಂಡ. ಮತ್ತೆ ಇತ್ತ ತಿರುಗಿದ.

"ಏನಂತೆ?" ಎಂದಳು ಅಮ್ಮ. ದನಿ ಎಲ್ಲೋ ನೆಲದಡಿಯಿಂದ ಬಂದಂತಿತ್ತು.

"ಅಪ್ಪ ಕೊಕ್ಕೆ ಬಿಚ್ಚಿಸ್ತಿದ್ರಂತೆ ಅಮ್ಮ. ಆ ಪ್ಲಾಸ್ಟಿಕ್ ಮೀನಿಗೆ ಇರುತ್ತಲ್ಲ, ಎಲ್ಲಾ ತೆಗೆಸಿ, ಬರೀ ಮೀನನ್ನ ನೀರಲ್ಲಿ ಎಳ್ಕೊಂಡ್ ಹೋಗೋದಂತೆ. ತೆಂಗಿರಿ ಬಂದು ಕಚ್ಚುತ್ತೆ, ಕೈಗೆ ಒಂದು ಜಗ್ಗು ಸಿಗುತ್ತೆ, ಬಿಟ್ಟು ಹೋಗುತ್ತೆ. ಕೊಕ್ಕೆ ಇಲ್ದೆ ಯಾರಯ್ಯಾ ಹೋಗ್ತಾರೆ ಅಂತ ಅಂಕಲ್ ನಗ್ತಿದ್ರಂತೆ. ಮನೇಲಿ ಮಾತು ಕೊಟ್ಟಿದೀನಿ ಅಂದ್ರಂತೆ ಅಪ್ಪ."

ದೊಡ್ಡಪ್ಪ ಕುರ್ಚಿಯಲ್ಲಿ ಕುಸಿದರು. "ಮೀನಿನ ಜೊತೆ ಆಟ ಆಡ್ತಿದ್ನಾ? ಈ ವಯಸ್ಸಲ್ಲಿ?" ಎಂದು ತಮಗೆ ತಾವೇ ಹೇಳಿಕೊಂಡರು.

"ಮತ್ತೆ?" ಎಂದಳು ಅಮ್ಮ.

"ಅಂಕಲ್ ಕಾಫಿ ಕೊಟ್ರಂತೆ. ಕುಡಿದ್ರಂತೆ. ಹಸ್ಕೊಂಡ್ ಇರ್ಲಿಲ್ಲ ಅಮ್ಮ."

ಹಂಸಾ ಕೈ ಚಾಚಿದಳು. ಅವಿನಾಶ ಚೀಲ ಕೊಟ್ಟ. ಅದರಲ್ಲಿ ಉಳಿದಿದ್ದದ್ದು ದಾರದ ಉರುಳೆಯೊಂದೇ. ಅವಳು ಮೇಲಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಿತ್ತು, ಒಂದು ಮೊಳ ಬಿಚ್ಚಿ, ಬೆರಳಿಗೆ ಸುತ್ತಿ ಎಳೆದಳು. ಎಳೆದಷ್ಟೂ ಬಂತು.

ತಲೆ ಎತ್ತಿ ಮಗನನ್ನು ನೋಡಿದಳು. ಉರುಳೆಯನ್ನು ಹಿಡಿದುಕೊಂಡೇ ಲಿಫ್ಟಿನ ಕಡೆ ನಡೆದಳು.

ಇನ್ನು ಮುಚ್ಚಿಟ್ಟು ಫಲವಿಲ್ಲ, ನಡೆದದ್ದನ್ನು ಹೇಳಿಬಿಡಬೇಕು. ಕೊ ಅಂಕಲ್ ಕೊಕ್ಕೆ ಬಿಚ್ಚಿಸಿದ ಮಾತು ಆಡಲೇ ಇಲ್ಲ. ಕಾಫಿ ಕೊಟ್ಟದ್ದೊಂದು ನಿಜ. ಅವನು ಹೇಳಿದ್ದು ಇಷ್ಟು: ಗಿರಿಧರ್ ಬೋಟಿಗೆ ಹೋಗುವುದನ್ನು ಯಾವತ್ತೂ ಬಿಟ್ಟಿರಲಿಲ್ಲ. ಮನೆಯಲ್ಲಿ ಹೇಳುತ್ತಿದ್ದ ಶನಿವಾರದ ಪ್ಲಾಂಟ್ ಡ್ಯೂಟಿ ಎಂಬುದೆಲ್ಲ ಬೋಟೇ. ಹೋದ ತಿಂಗಳು ಒಂದು ದೊಡ್ಡ ತೆಂಗಿರಿ ಬ್ರೇಯ್ಡಿನಲ್ಲಿ ಜಗ್ಗಿ, ಕೊಕ್ಕೆ ಕಿತ್ತುಕೊಂಡು ತಪ್ಪಿಸಿಕೊಂಡಿತ್ತು. ನಿನ್ನೆ ಎರಡು ಉರುಳೆಗಳನ್ನೂ ಎರಡು ಕೈಯಲ್ಲಿ ತೂಗಿ ನೋಡಿ, ಜನ್ಮದಲ್ಲಿ ಮೊದಲ ಬಾರಿಗೆ ತಟ್ಟನೆ, "ನೈಲಾನೇ ಕೊಡಿ, ಈ ಸಲ ತಪ್ಪಬಾರದು," ಎಂದರು. ಇದ್ದುದರಲ್ಲಿ ದೊಡ್ಡ ಕೊಕ್ಕೆಗಳಿರುವ ಪ್ಲಾಸ್ಟಿಕ್ ಮೀನನ್ನು ತಾವೇ ಆರಿಸಿದರು. ಮಗುವಿನ ಹಾಗೆ ನಕ್ಕರು. ಸ್ಟೂಲಿನ ಮೇಲೆ ಕೂತರು. ಆ ಮೀನು ಈಗ ಅವಿನಾಶನ ಪಂಚೆಯ ಮಡಿಕೆಯಲ್ಲಿತ್ತು. ಅದರ ಕೊಕ್ಕೆ ಅವನ ಸೊಂಟದ ಚರ್ಮವನ್ನು ಆಗಲೇ ಹೊಕ್ಕಿತ್ತು.

ಅವನು ಅಮ್ಮನ ಹಿಂದೆಯೇ ಮೇಲೆ ಹೋದ. ಪ್ರಣತಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಸುದ್ದಿ ಲಿಫ್ಟಿಗಿಂತ ಮೊದಲೇ ಮೇಲೆ ಹತ್ತಿತ್ತು.

"ಅಮ್ಮ, ಅಪ್ಪ ಆ ಅಂಗಡೀಗೆ ಯಾಕೆ ಹೋಗಿದ್ರು?" ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

ಅವಿನಾಶ ಬಾಯಿ ತೆರೆದ. ಹಂಸಾ ಅವನಿಗೆ ಅವಕಾಶ ಕೊಡಲಿಲ್ಲ.

"ದಾರ ತಗೊಳ್ಳಕ್ಕೆ ಕಣೇ," ಎಂದಳು, ಸಾರಿಗೆ ಉಪ್ಪು ಸರಿಯಿದೆ ಎನ್ನುವಷ್ಟು ಸಹಜವಾಗಿ. "ಕೊಕ್ಕೆ ಎಲ್ಲಾ ತೆಗೆದು ಹಾಕಿದ್ರಲ್ಲ, ನನಗೆ ಹೇಳಿದ್ರು. ಕೊಕ್ಕೆ ಇಲ್ದಿದ್ಮೇಲೆ ನೈಲಾನು ಯಾಕೆ? ಬ್ರೇಯ್ಡೇ ತಗೊಂಡಿದಾರೆ. ಮೀನು ಬಂದು ಮುಟ್ಟಿ ಹೋದ್ರೆ ಸಾಕು, ಕೈಗೆ ಗೊತ್ತಾಗುತ್ತೆ. ನೀನು ಕೂತ್ಕೊ, ನಿಲ್ಲಬೇಡ."

ಪ್ರಣತಿ ನಿಧಾನವಾಗಿ ಕೂತಳು. ಹಂಸಾ ಒಂದು ಕೈಯಿಂದ ಅವಳ ತಲೆ ಸವರಿದಳು. ಬೆನ್ನ ಹಿಂದೆ, ಸೆರಗಿನ ಮರೆಯಲ್ಲಿ, ಇನ್ನೊಂದು ಕೈಯ ಬೆರಳಿಗೆ ನೈಲಾನು ಬಿಗಿಯುತ್ತಲೇ ಇತ್ತು. ಬೆರಳ ತುದಿ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು.