ಗೋಡೆ ಬೆಂಚು

ತಾವೇ ಬರೆದ ಮೂಗರ್ಜಿಯ ವಿಚಾರಣೆಗೆ ತಾವೇ ಹೊರಟಿದ್ದ ವೀರಬಸಪ್ಪ ಮೇಷ್ಟ್ರು ಸೊರಬದ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಹಿಡಿದು ನೆಟ್ಟಗೆ ಕೂತಿದ್ದರು. ಶಿರಾಳಕೊಪ್ಪ ದಾಟುತ್ತಲೇ ಕರ್ಪೂರ ಕಟ್ಟಿದ ಕರವಸ್ತ್ರವನ್ನು ತೆಗೆದು ಮೂಗಿಗೆ ಹಿಡಿದರು. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಜನಕ್ಕೂ ಅದೇ ಜ್ವರ ಹತ್ತುತ್ತಿದೆ ಎಂದು ಪೇಟೆಯಲ್ಲೆಲ್ಲ ಸುದ್ದಿಯಿತ್ತು. ಮೇಷ್ಟ್ರ ಲೆಕ್ಕದಲ್ಲಿ ಆ ಸೀಮೆಯಿಂದ ಬರತಕ್ಕದ್ದು ಜ್ವರವೊಂದೇ. ಅಲ್ಲಿಂದ ಜಿಲ್ಲೆಗೆ ಮೊದಲನೆಯ ಶಾಲೆ ಬರುತ್ತದೆಂದರೆ ಅದನ್ನು ನಂಬಲು ಅವರೇನು ಕಿವಿಗೆ ಹೂ ಇಟ್ಟುಕೊಂಡಿರಲಿಲ್ಲ.

ವೀರಬಸಪ್ಪನವರು ಶಿಕಾರಿಪುರ ತಾಲ್ಲೂಕಿನ ನಂದಿಕೊಪ್ಪದ ಮಿಡ್ಲ್ ಸ್ಕೂಲಿನ ಹೆಡ್ ಮೇಷ್ಟ್ರು. ಪ್ರತಿ ಜೂನ್ ತಿಂಗಳಲ್ಲಿ ಶಿವಮೊಗ್ಗದ ಕಚೇರಿಯಿಂದ ಒಂದು ಪಟ್ಟಿ ಬರುತ್ತಿತ್ತು. ಮಿಡ್ಲ್ ಸ್ಕೂಲಿನ ಕೊನೆಯ ಪರೀಕ್ಷೆಯಾದ ಎಲ್ಲೆಸ್ಸಿಗೆ ಯಾವ ಶಾಲೆಯಿಂದ ಎಷ್ಟು ಮಕ್ಕಳು ಕೂತರು, ನೂರಕ್ಕೆ ಎಷ್ಟು ಮಂದಿ ಪಾಸಾದರು, ಜಿಲ್ಲೆಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು. ಐದು ವರ್ಷ ಆ ಪಟ್ಟಿಯ ನೆತ್ತಿಯ ಮೇಲೆ ನಂದಿಕೊಪ್ಪವೇ ಕೂತಿತ್ತು. ಅದಕ್ಕೆ ಕೊಟ್ಟ ಹಿತ್ತಾಳೆಯ ಶೀಲ್ಡು ಮೇಷ್ಟ್ರ ಕೋಣೆಯ ಗಾಜಿನ ಬೀರುವಿನಲ್ಲಿತ್ತು. ಬಂದವರು ಮೊದಲು ಶೀಲ್ಡಿಗೆ, ಆಮೇಲೆ ಮೇಷ್ಟ್ರಿಗೆ ನಮಸ್ಕಾರ ಮಾಡಬೇಕು, ಹಾಗೆ ಇಟ್ಟಿದ್ದರು. ಆರನೆಯ ಸಲವೂ ಬಂದರೆ ಶಾಲಾ ಇನ್ಸ್‌ಪೆಕ್ಟರ್ ಹುದ್ದೆ ಖಂಡಿತ ಎಂದು ಕಚೇರಿಯ ಗುಮಾಸ್ತನೊಬ್ಬ ಕಿವಿಯಲ್ಲಿ ಹೇಳಿದ್ದ.

ಶೀಲ್ಡಿನ ಗುಟ್ಟು ಒಂದು ಬೆಂಚಿನಲ್ಲಿತ್ತು. ನಂದಿಕೊಪ್ಪದ ಕೊನೆಯ ತರಗತಿಯಲ್ಲಿ ಎಲ್ಲ ಬೆಂಚುಗಳೂ ಬೋರ್ಡಿನ ಕಡೆ ಇದ್ದರೆ ಒಂದು ಮಾತ್ರ ಹಿಂದಿನ ಗೋಡೆಗೆ ಮುಖಮಾಡಿತ್ತು. ಲೆಕ್ಕದಲ್ಲಿ ಹಿಂದೆ ಬಿದ್ದವರ ಜಾಗ ಅದು. ಬೋರ್ಡು ನೋಡಿದರೂ ತಲೆಗೆ ಹತ್ತದವರು ಗೋಡೆ ನೋಡಿದರೆ ನಷ್ಟವೇನು ಎಂಬುದು ಮೇಷ್ಟ್ರ ಶಿಕ್ಷಣಶಾಸ್ತ್ರ. ದಸರಾ ರಜೆ ಮುಗಿದ ಮಾರನೆಯ ದಿನ, ಪರೀಕ್ಷೆಗೆ ಹೆಸರು ಕಳಿಸುವ ಮೊದಲೇ, ಆ ಬೆಂಚಿಗೆ ಬೆಂಚೇ ಟೀಸಿ ಕೊಟ್ಟು ಖಾಲಿ ಮಾಡುತ್ತಿದ್ದರು. ಹೋದವರಲ್ಲಿ ಕೆಲವರು ದನ ಕಾಯಲು ಹೋದರು, ಕೆಲವರು ಎಲ್ಲಿಗೋ ಹೋದರು. ಅದನ್ನು ವಿಚಾರಿಸುವುದು ಹೆಡ್ ಮೇಷ್ಟ್ರ ಕೆಲಸವಲ್ಲ.

ಈ ವರ್ಷ ಮೂವತ್ತೊಂದು ಮಂದಿ ಕೂತು ಮೂವತ್ತು ಮಂದಿ ಪಾಸಾದರು. ಬಿದ್ದವನು ಊರ ಪಟೇಲರ ಮಗ. ಅವನನ್ನು ಗೋಡೆಗೆ ಕೂರಿಸುವ ಎದೆ ಮೇಷ್ಟ್ರಿಗಿರಲಿಲ್ಲ. ಪಟ್ಟಿಯ ನೆತ್ತಿಯ ಮೇಲೆ ಸೊರಬ ತಾಲ್ಲೂಕಿನ ಕಾನಹಕ್ಕಲು ಎಂಬ ಹೆಸರಿತ್ತು. ಕೂತವರು ಒಂಬತ್ತು, ಪಾಸಾದವರು ಒಂಬತ್ತು, ನೂರಕ್ಕೆ ನೂರು. ವೀರಬಸಪ್ಪನವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಬಾಗಿಲು ಹಾಕಿಕೊಂಡು, ಅಕ್ಷರದ ಗುರುತು ಸಿಗಬಾರದೆಂದು ಎಡಗೈಯಲ್ಲಿ, ಕಾನಹಕ್ಕಲಿನ ಮಕ್ಕಳು ನಕಲು ಹೊಡೆದಿದ್ದಾರೆಂದು ಮೂಗರ್ಜಿ ಬರೆದರು. ಕೆಳಗೆ ‘ನೊಂದ ಪೋಷಕ’ ಎಂದು ಹಾಕಿದರು.

ಕಚೇರಿಯವರು ಒಂಬತ್ತೂ ಮಕ್ಕಳ ಫಲಿತಾಂಶ ತಡೆಹಿಡಿದರು. ವಿಚಾರಣೆಗೆ ಹಿರಿಯರೊಬ್ಬರು ಬೇಕಿತ್ತು. ಜಿಲ್ಲೆಯಲ್ಲಿ ವೀರಬಸಪ್ಪನವರಿಗಿಂತ ಹೆಸರಾದ ಹೆಡ್ ಮೇಷ್ಟ್ರು ಯಾರಿದ್ದಾರೆ? ಕಳ್ಳನ ಕೈಗೇ ಕೀಲಿಕೈ ಕೊಟ್ಟರು. ಇನ್ನು ಆ ಮಕ್ಕಳು ಪಾಸೋ ಫೇಲೋ ಎಂಬುದು ಇವರ ಒಂದು ಸಹಿಯ ಮೇಲೆ ನಿಂತಿತ್ತು. ವರದಿಯನ್ನು ಮನೆಯಲ್ಲೇ ಮೂರು ಹಾಳೆ ತುಂಬ ಬರೆದು ಚೀಲದಲ್ಲಿಟ್ಟುಕೊಂಡಿದ್ದರು. ತಾರೀಕು ಹಾಕುವುದೊಂದು ಬಾಕಿ.

ಬಸ್ಸಿಳಿದು ಎರಡು ಮೈಲಿ ನಡೆದು ಕಾನಹಕ್ಕಲಿನ ಶಾಲೆ ನೋಡಿದಾಗ ಅವರಿಗೆ ನಗು ಬಂತು. ಎರಡು ಕೋಣೆ, ಗೆದ್ದಲು ಹಿಡಿದ ಒಂದು ಬೋರ್ಡು, ಕೂರಲು ಹಲಗೆ. ಹೆಡ್ ಮೇಷ್ಟ್ರು ಚೌಡಪ್ಪ ಸಸಿಮಡಿಯ ಕೆಲಸ ಬಿಟ್ಟು ಓಡಿಬಂದು, ಹಂಡೆಯ ನೀರಿನಲ್ಲಿ ಕಾಲಿನ ಕೆಸರು ತೊಳೆದು, ಎತ್ತಿಕಟ್ಟಿದ ಪಂಚೆ ಇಳಿಬಿಟ್ಟ.

“ಬನ್ನಿ ಸಾರ್, ಬನ್ನಿ. ನೀವೇ ಬರ್ತೀರಿ ಅಂತ ಕಾಗದ ನೋಡಿ ಜೀವ ಬಂತು. ಬೇರೆ ಯಾರಾದ್ರೂ ಆಗಿದ್ರೆ ಹೆದರ್ಕೆ ಆಗ್ತಿತ್ತು.”

“ವಿಚಾರಣೆ ಅಂದ್ರೆ ವಿಚಾರಣೇನೇ ಕಣ್ರೀ ಚೌಡಪ್ಪ. ಗುರ್ತು ಪರಿಚಯ ಎಲ್ಲ ನಾ ನೋಡಂಗಿಲ್ಲ.”

“ನೋಡ್ಬೇಡಿ ಸಾರ್. ಎಂತ ಕೇಳ್ಬೇಕೋ ಕೇಳಿ.”

ಒಂಬತ್ತು ಮಕ್ಕಳು ಸಾಲಾಗಿ ನಿಂತಿದ್ದರು. ಇದ್ದ ಒಂದು ಕುರ್ಚಿಯಲ್ಲಿ ಕೂತು ಮೇಷ್ಟ್ರು ಮುಖಗಳ ಮೇಲೆ ಕಣ್ಣಾಡಿಸಿದರು. ಎಲ್ಲ ಒಂದೇ ಥರದ ಮುಖಗಳು, ಎಣ್ಣೆ ಮೆತ್ತಿದ ತಲೆಗಳು. ಯಾರದೂ ನೆನಪಿನಲ್ಲಿಟ್ಟುಕೊಳ್ಳುವಂಥ ಮುಖವಲ್ಲ.

“ಇವ್ರಿಗೆ ಲೆಕ್ಕ ಯಾರು ಹೇಳಿಕೊಟ್ರು?”

“ಇವ್ರೇ ಸಾರ್. ನಂಗೆಲ್ಲಿ ಬರ್ತದೆ ಲೆಕ್ಕ? ಎಲ್ಲೆಸ್ಸಿನಲ್ಲಿ ನಾನು ಮೂರು ಸಲ ಲೆಕ್ಕದಲ್ಲೇ ಫೇಲಾದೋನು.”

ವೀರಬಸಪ್ಪನವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೆಡ್ ಮೇಷ್ಟ್ರಿಗೇ ಲೆಕ್ಕ ಬಾರದು, ಅದನ್ನು ಅವನೇ ಒಪ್ಪಿಕೊಂಡಿದ್ದಾನೆ. ಇನ್ನು ಮಕ್ಕಳ ಕೈಯಲ್ಲಿ ಒಂದು ಲೆಕ್ಕ ತಪ್ಪಿಸಿಬಿಟ್ಟರೆ ಮಧ್ಯಾಹ್ನದ ಬಸ್ಸಿಗೇ ಹಿಂದಿರುಗಬಹುದು. ತಮ್ಮ ಶಾಲೆಯಲ್ಲಿ ಎಂಥೆಂಥವರ ಮೂಳೆ ಮುರಿದ ಲೆಕ್ಕವೊಂದನ್ನು ನೆನಪಿನಿಂದಲೇ ಹೇಳಿದರು. ಒಂದು ತೊಟ್ಟಿ. ಒಂದು ಕೊಳಾಯಿ ಅದನ್ನು ಆರು ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದು ಮೂರು ಗಂಟೆಯಲ್ಲಿ. ತಳದ ತೂತು ತುಂಬಿದ ತೊಟ್ಟಿಯನ್ನು ಹನ್ನೆರಡು ಗಂಟೆಯಲ್ಲಿ ಬರಿದು ಮಾಡುತ್ತದೆ. ಮೂರೂ ತೆರೆದಿದ್ದರೆ ತೊಟ್ಟಿ ತುಂಬಲು ಎಷ್ಟು ಹೊತ್ತು?

“ತೂತು ಇಟ್ಕೊಂಡು ಯಾರು ಸಾರ್ ನೀರು ಬಿಡ್ತಾರೆ?” ಎಂದ ಚೌಡಪ್ಪ. “ಮೊದ್ಲು ತೂತು ಮುಚ್ಚಬೇಕು.”

“ನಿಮ್ಮನ್ನ ಕೇಳ್ಲಿಲ್ಲ. ಏಯ್, ನೀ ಬಾರೇ.”

ಕೊನೆಯಲ್ಲಿ ನಿಂತಿದ್ದ ಹುಡುಗಿ ಬಂದು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿಗೆ ತಿರುಗಿದಳು. ರವಿಕೆಯ ಬೆನ್ನಿನ ಮೇಲೆ ಹಸಿರು ತೇಪೆ, ಒಂದು ಜಡೆ ಗಿಡ್ಡ, ಒಂದು ಉದ್ದ. ವೀರಬಸಪ್ಪನವರ ಕೈ ಕರವಸ್ತ್ರದ ಮೇಲೆ ನಿಂತಿತು. ಮುಖ ನೋಡಿದಾಗ ಸಿಗದ ಗುರುತು ಬೆನ್ನು ನೋಡಿದಾಗ ಸಿಕ್ಕಿತ್ತು. ಜೂನ್‌ನಿಂದ ದಸರಾದವರೆಗೆ ನಾಲ್ಕು ತಿಂಗಳು ಅವರು ನೋಡಿದ್ದು ಈ ಬೆನ್ನನ್ನೇ.

ಹುಡುಗಿ ತೊಟ್ಟಿಯನ್ನು ಹನ್ನೆರಡು ಪಾಲು ಮಾಡಿದಳು. ಒಂದು ಗಂಟೆಗೆ ಒಂದು ಕೊಳಾಯಿಯಿಂದ ಎರಡು ಪಾಲು, ಇನ್ನೊಂದರಿಂದ ನಾಲ್ಕು, ತೂತಿನಲ್ಲಿ ಹೋದದ್ದು ಒಂದು, ಉಳಿದದ್ದು ಐದು. ಬರೆಯುತ್ತಲೇ ಚೌಡಪ್ಪನ ಕಡೆ ತಿರುಗಿ, ಅಭ್ಯಾಸಬಲದಿಂದ, “ತಿಳೀತಾ ಸಾರ್?” ಎಂದು ಕೇಳಿದಳು. ಅವನು ತಲೆಯಾಡಿಸಿದ ಮೇಲೇ ಮುಂದೆ ಹೋದಳು. ಎರಡು ಗಂಟೆ ಇಪ್ಪತ್ನಾಲ್ಕು ನಿಮಿಷ ಎಂದು ಬರೆದು ಅಡಿಗೆರೆ ಎಳೆದಳು. ಉತ್ತರ ಸರಿಯಿತ್ತು.

“ನೀನು ನಂದಿಕೊಪ್ಪದಾಗೆ ಇದ್ದೆಯಲ್ಲ?” ಮೇಷ್ಟ್ರ ದನಿ ಇಳಿದಿತ್ತು.

“ಹೌದು ಸಾರ್. ಗುಡ್ಡಮ್ಮ.”

“ಇವಳೊಬ್ಬಳೇ ಅಲ್ಲ ಸಾರ್, ನಿಮ್ಮೋರು ಐದು ಜನ” ಎಂದ ಚೌಡಪ್ಪ ಸಂಭ್ರಮದಿಂದ. “ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ. ಬರೀ ನಾಲ್ಕು ಜನ ಇದ್ರು, ಕ್ಲಾಸು ಮುಚ್ತೀವಿ ಅಂತ ಕಚೇರಿಯವ್ರು ಅಂದಿದ್ರು. ದಸರಾ ಆದ ಮೇಲೆ ಈ ಐವರು ಟೀಸಿ ಹಿಡ್ಕೊಂಡು ಅಷ್ಟು ದೂರದಿಂದ ಬಂದ್ರು, ಹತ್ತಿರದಲ್ಲಿ ಎಲ್ಲೂ ಜಾಗ ಇಲ್ಲ ಅಂದ್ರಂತೆ, ನಮ್ಮನೇಲೇ ಉಳ್ಕೊಂಡ್ರು. ನೋಡಿ, ಜೋಪಾನ ಇಟ್ಟಿದ್ದೀನಿ.”

ಟ್ರಂಕಿನಿಂದ ಐದು ಟೀಸಿ ಹೊರಗೆ ಬಂದವು. ಐದರಲ್ಲೂ ಒಂದೇ ತಾರೀಕು, ವೀರಬಸಪ್ಪನವರದೇ ಗುಂಡಗಿನ ಅಕ್ಷರ, ಅವರದೇ ಸಹಿ. ‘ಓದಿನಲ್ಲಿ’ ಎಂಬುದರ ಎದುರು ಐದರಲ್ಲೂ ‘ಉತ್ತಮ’ ಎಂದಿತ್ತು. ಹಾಗೆ ಬರೆಯದಿದ್ದರೆ ಬೇರೆ ಶಾಲೆಯವರು ಯಾರು ಸೇರಿಸಿಕೊಳ್ಳುತ್ತಾರೆ? ಗೊಡ್ಡೆಮ್ಮೆಯನ್ನು ಸಂತೆಗೆ ಹೊಡೆದವನು ಹಾಲಿನ ಲೆಕ್ಕವನ್ನೇ ಹೇಳುತ್ತಾನೆ. ವರ್ಷವರ್ಷವೂ ಅವರು ಹೇಳಿಕೊಂಡು ಬಂದದ್ದು ಅದೇ.

“ನಾನು ಟೀಸಿ ಓದಿದೆ ಸಾರ್. ಅಷ್ಟು ದೊಡ್ಡ ಮೇಷ್ಟ್ರು ಉತ್ತಮ ಅಂತ ಬರ್ದಿದಾರೆ ಅಂದ್ರೆ ಸುಮ್ನೇನಾ? ಎಲ್ಲಾರ ಎದ್ರೂ ಗಟ್ಟಿಯಾಗಿ ಓದಿ ಹೇಳ್ದೆ. ‘ನಂಗೂ ಬರಲ್ಲ, ಈ ನಾಲ್ವರಿಗೂ ಬರಲ್ಲ, ಜಾಣರು ನೀವು ಐದು ಜನ ಬಂದಿದೀರಿ, ನಮಗೆ ಕಲಿಸಿ’ ಅಂದೆ. ಮೊದ್ಲು ಅಳ್ತಾ ನಿಂತ್ಕೊಂಡ್ರು. ನಾನು ಬಿಡ್ಲಿಲ್ಲ. ಟೀಸಿಯಲ್ಲಿ ಇರೋದು ಸುಳ್ಳಾ ಅಂತ ಕೇಳ್ದೆ. ಆಮೇಲೆ ರಾತ್ರಿ ಹಗಲು ಕೂತು ಅವ್ರೇ ಕಲ್ತು ನಮಗೂ ಕಲಿಸಿದ್ರು.”

ವೀರಬಸಪ್ಪನವರು ಚೌಡಪ್ಪನ ಮುಖವನ್ನೇ ನೋಡಿದರು. ಕುಹಕವೇನಾದರೂ ಇದೆಯೇ ಎಂದು ಹುಡುಕಿದರು. ಇರಲಿಲ್ಲ. ಇಂಥ ಪೆದ್ದನನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಟೀಸಿಯಲ್ಲಿ ಬರೆದದ್ದನ್ನು ನಂಬುವ ಹೆಡ್ ಮೇಷ್ಟ್ರು ಮೈಸೂರು ರಾಜ್ಯದಲ್ಲಿ ಒಬ್ಬನಿದ್ದಾನೆ, ಅವನು ತಮ್ಮ ಪಾಲಿಗೇ ಗಂಟುಬೀಳಬೇಕೇ ಎಂದು ಹೊಟ್ಟೆ ಉರಿಯಿತು.

ಉಳಿದ ಎಂಟು ಮಂದಿಗೂ ಲೆಕ್ಕ ಕೊಟ್ಟರು. ಒಬ್ಬ ತಪ್ಪಿದ, ಪಕ್ಕದವಳು ತಿದ್ದಿದಳು, ಆಮೇಲೆ ಅವನೇ ಮಾಡಿ ತೋರಿಸಿದ. ಇನ್ನು ಕೊಡಲು ಮೇಷ್ಟ್ರ ಬಳಿ ಲೆಕ್ಕ ಉಳಿಯಲಿಲ್ಲ. ಚೌಡಪ್ಪ ಮಜ್ಜಿಗೆ ತರಲು ಒಳಗೆ ಹೋದಾಗ ಗುಡ್ಡಮ್ಮ ಕುರ್ಚಿಯ ಹತ್ತಿರ ಬಂದಳು.

“ಸಾರ್, ಒಂದು ಕೇಳ್ಲಾ?”

“ಏನು?”

“ನಮ್ಮನ್ನ ಉತ್ತಮ ಅಂತ ಬರ್ದಿದ್ರಿ. ಅಲ್ಲಿದ್ದಾಗ ಒಂದಿನಾನೂ ನಮಗೆ ಹೇಳ್ಲಿಲ್ವಲ್ಲ, ಯಾಕೆ ಸಾರ್?”

ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಸುಲಭವಿತ್ತು, ಕಪಾಳಕ್ಕೆ ಬಾರಿಸಿ ಮುಗಿಸಬಹುದಿತ್ತು. ಹುಡುಗಿಗೆ ನಿಜವಾಗಿ ತಿಳಿಯಬೇಕಿತ್ತು. ಎಷ್ಟೋ ದಿನ ಇಟ್ಟುಕೊಂಡಿದ್ದ ಪ್ರಶ್ನೆ ಅದು.

“ಹೊಗಳಿದ್ರೆ ಮಕ್ಕಳು ಕೆಡ್ತಾರೆ” ಎಂದರು ಮೇಷ್ಟ್ರು.

“ಗೋಡೆ ಬೆಂಚೂ ಅದಕ್ಕೇನಾ ಸಾರ್?”

“ಹೂಂ.”

ಅವಳ ಮುಖ ಅರಳಿತು. ಅದನ್ನೂ ನಂಬಿದ್ದಳು. ಓಡಿಹೋಗಿ ನಂದಿಕೊಪ್ಪದ ಉಳಿದ ನಾಲ್ವರಿಗೆ ಪಿಸುಗುಟ್ಟಿದಳು. ಅವರೂ ತಿರುಗಿ ಮೇಷ್ಟ್ರನ್ನು ನೋಡಿ ನಕ್ಕರು. ಐವತ್ತು ವರ್ಷದ ಆ ಮನುಷ್ಯನಿಗೆ ಅಲ್ಲಿ ಕೂತಿರಲು ಆಗಲಿಲ್ಲ. ನಾಚಿಕೆ ಎಂಬುದು ತಮಗೂ ಉಂಟೆಂದು ಅವರಿಗೆ ಅದುವರೆಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಬರೆದ ಮೂರು ಹಾಳೆ ಚೀಲದಲ್ಲೇ ಉಳಿದವು. ಮಜ್ಜಿಗೆ ಕುಡಿದು, ಬೇರೆ ಹಾಳೆಯ ಮೇಲೆ ಎರಡೇ ಸಾಲು ಬರೆದರು: ‘ನಕಲು ನಡೆದಿಲ್ಲ. ವಿದ್ಯಾರ್ಥಿಗಳು ಓದಿನಲ್ಲಿ ಉತ್ತಮ.’ ಸತ್ಯಕ್ಕೆ ತಲೆಬಾಗಿ ಬರೆದರೆಂದು ಯಾರೂ ಕೊಂಡಾಡಬೇಕಾಗಿಲ್ಲ. ಕಚೇರಿಯ ನಿಯಮದಂತೆ ವರದಿಗೆ ಐದೂ ಟೀಸಿ ಲಗತ್ತಿಸಬೇಕಿತ್ತು. ಆ ಮಕ್ಕಳನ್ನು ದಡ್ಡರೆಂದರೆ ತಮ್ಮ ಸಹಿಯೇ ಎದುರು ಸಾಕ್ಷಿ ಹೇಳುತ್ತಿತ್ತು. ಅವರು ಹೆದರಿದ್ದು ಲಗತ್ತಿಗೆ. ಆದರೂ ‘ಉತ್ತಮ’ ಎಂದು ಬರೆಯುವಾಗ ಗುಂಡಗಿನ ಅಕ್ಷರ ಯಾಕೋ ಸ್ವಲ್ಪ ಸೊಟ್ಟಗಾಯಿತು.

ಮುಂದಿನ ವಾರ ಕಚೇರಿಯ ಜವಾನ ಬಂದು ಶೀಲ್ಡನ್ನು ಗೋಣಿಯಲ್ಲಿ ಸುತ್ತಿಕೊಂಡು ಕಾನಹಕ್ಕಲಿಗೆ ಹೋದ. ಇನ್ಸ್‌ಪೆಕ್ಟರ್ ಹುದ್ದೆಯ ಮಾತನ್ನು ಗುಮಾಸ್ತ ಮತ್ತೆ ಎತ್ತಲಿಲ್ಲ. ಖಾಲಿ ಬೀರುವನ್ನು ನೋಡುತ್ತ ಕೂರಲಾಗದೆ ವೀರಬಸಪ್ಪನವರು ಎದ್ದು ಕೊನೆಯ ತರಗತಿಗೆ ಹೋದರು.

ಶಾಲೆ ಶುರುವಾಗಿ ತಿಂಗಳಾಗಿರಲಿಲ್ಲ, ಗೋಡೆ ಬೆಂಚು ಆಗಲೇ ತುಂಬಿತ್ತು. ಆರು ಬೆನ್ನುಗಳು. ಒಂದು ಅಂಗಿಗೆ ಗುಂಡಿಯ ಬದಲು ಪಿನ್ನು, ಒಂದು ಕತ್ತಿನ ಮೇಲೆ ಕಜ್ಜಿಯ ಗುರುತು. ಇವರ ಹೆಸರೇನೆಂದು ನೆನಪು ಮಾಡಿಕೊಳ್ಳಲು ನೋಡಿದರು. ಒಂದೂ ಬರಲಿಲ್ಲ. ಬೋರ್ಡಿನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡರು.

“ಎಲ್ರೂ ಈ ಕಡೆ ತಿರುಗ್ರಿ.”

ಮುಂದಿನ ಬೆಂಚುಗಳವರು ಇನ್ನಷ್ಟು ನೆಟ್ಟಗೆ ಕೂತು ಕೈಕಟ್ಟಿದರು. ಗೋಡೆ ಬೆಂಚಿನ ಆರು ಬೆನ್ನುಗಳು ಕದಲಲಿಲ್ಲ. ಆ ಮಾತು ತಮಗೂ ಸೇರಿದ್ದೆಂದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ.