ಏನನ್ನಿಸಿತು ಎಂಬ ಕಲಂ

ಕಾಲೇಜು ಕೊಟ್ಟ ನೀಲಿ ರಟ್ಟಿನ ಪುಸ್ತಕದಲ್ಲಿ ವಾರಕ್ಕೆ ಒಂದು ಪುಟ, ಪುಟಕ್ಕೆ ಮೂರು ಕಲಂ. ಏನಾಯಿತು? ನಿಮಗೆ ಏನನ್ನಿಸಿತು? ಮುಂದಿನ ಸಲ ಏನು ಮಾಡುತ್ತೀರಿ? ಬ್ರಹ್ಮಾವರದ ಆ ಕಾಲೇಜಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಓದುವವರೆಲ್ಲ ಕೊನೆಯ ವರ್ಷ ಮೂರು ತಿಂಗಳು ಯಾವುದಾದರೂ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ಈ ಪುಸ್ತಕ ತುಂಬಿಸಬೇಕು. ಲ್ಯಾಬಿನ ಮುಖ್ಯಸ್ಥ ಮತ್ತು ಕಾಲೇಜಿನ ಗೈಡ್ ಇಬ್ಬರೂ ಸಹಿ ಹಾಕಿದರೆ ಪಾಸು, ಇಲ್ಲದಿದ್ದರೆ ಮತ್ತೆ ಆರು ತಿಂಗಳು. ಹಾಗಾಗಿ ಎರಡನೆಯ ಕಲಮಿನಲ್ಲಿ ಯಾರೂ ತಮಗೆ ಅನ್ನಿಸಿದ್ದನ್ನು ಬರೆಯುವ ಹುಚ್ಚುತನ ಮಾಡುವುದಿಲ್ಲ. ಸೀನಿಯರುಗಳ ಪುಸ್ತಕ ತಂದು, 'ತುಂಬ ಕಲಿತೆ, ಸಂತೋಷವಾಯಿತು' ಎಂದು ಇಳಿಸಿ ಕೈತೊಳೆದುಕೊಳ್ಳುತ್ತಾರೆ. ಅಕ್ಷಿತಾ ಕೂಡ ಒಂಬತ್ತು ವಾರ ಹೀಗೆ ಸಂತೋಷಪಟ್ಟಿದ್ದಳು.

ಸಂತೋಷಕ್ಕೆ ಕಾರಣವೇನೂ ಇರಲಿಲ್ಲ. ಬೈಂದೂರಿನಲ್ಲಿ ಬೆಳಗಿನ ಮೊದಲ ಬಸ್ಸು ಹತ್ತಿ, ಕುಂದಾಪುರದ ಆ ಖಾಸಗಿ ಆಸ್ಪತ್ರೆಗೆ ಬಂದು, ಬಿಳಿ ಕೋಟು ಹಾಕಿ ರಕ್ತ ತೆಗೆಯುವ ಕುರ್ಚಿಯ ಪಕ್ಕ ನಿಂತರೆ ಹನ್ನೊಂದರವರೆಗೆ ಕೂರುವಂತಿಲ್ಲ. ಲ್ಯಾಬಿನ ಮುಖ್ಯಸ್ಥ ಗೌರೀಶನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ರೋಗಿಗಳು ಬಂದು ಕೂರುವ ಮೊದಲೇ ಎಲ್ಲರ ಹೆಸರಿನ ಚೀಟಿಯನ್ನೂ ಖಾಲಿ ಟ್ಯೂಬುಗಳಿಗೆ ಅಂಟಿಸಿ ಸಾಲಾಗಿ ನಿಲ್ಲಿಸಿಬಿಡುತ್ತಿದ್ದ. ರಕ್ತ ತೆಗೆದ ಮೇಲೆ, ರೋಗಿಯ ಬಾಯಿಂದಲೇ ಹೆಸರು, ವಯಸ್ಸು, ಊರು ಹೇಳಿಸಿ, ಅವರ ಕಣ್ಣೆದುರೇ ಚೀಟಿ ಅಂಟಿಸಬೇಕು ಎಂದು ಕಾಲೇಜಿನಲ್ಲಿ ಗೈಡ್ ಶ್ರೀವಿದ್ಯಾ ಮೇಡಂ ನೂರು ಸಲ ಹೇಳಿಕೊಟ್ಟಿದ್ದರು. ಮೊದಲ ದಿನವೇ ಅಕ್ಷಿತಾ ಅದನ್ನು ಹೇಳಿ ನೋಡಿದಳು.

"ಕಾಲೇಜಿನ ಪಾಠ ಕಾಲೇಜಂಗೇ ಇರ್ಲಿ," ಎಂದ ಗೌರೀಶ. "ಇಲ್ಲಿ ಬೆಳಿಗ್ಗೆ ಅರವತ್ತ್ ಜನ ಬತ್ರ್. ಹೆಸ್ರೆಂತ, ಮನೆ ಎಲ್ಲಿ ಅಂತ ಕೇಂತಾ ಕೂಕಂಡ್ರೆ ಮಧ್ಯಾಹ್ನ ಆತ್ತ್."

ಅಂದು ಸುಮ್ಮನಾದದ್ದು ತನ್ನ ತಪ್ಪು ಎಂದು ಅಕ್ಷಿತಾಳಿಗೆ ಆಮೇಲೆ ಅನ್ನಿಸಿತು. ಆ ಸಿಟ್ಟು ಅವಳಿಗೆ ಅವಳ ಮೇಲೆಯೇ ಇತ್ತು.

ಹತ್ತನೆಯ ವಾರದ ಸೋಮವಾರ ಸಾಲಿನಲ್ಲಿ ಇಬ್ಬರು ಗುಲಾಬಿಯರಿದ್ದರು. ಒಬ್ಬರು ಸಾಸ್ತಾನದವರು, ಇನ್ನೊಬ್ಬರು ಕೋಡಿಯವರು. ಗೌರೀಶ ಕೌಂಟರಿನಿಂದಲೇ "ಹ್ವಾಯ್, ಗುಲಾಬಿ ಯಾರ್?" ಎಂದು ಕೂಗಿದ. ಬಾಗಿಲ ಹತ್ತಿರ ಕೂತಿದ್ದ ಒಬ್ಬರು ಗೋಡೆ ಹಿಡಿದು ಎದ್ದು ಬಂದರು. ಅವನು ಕೊಟ್ಟ ಟ್ಯೂಬಿಗೆ ಅಕ್ಷಿತಾ ಅವರ ರಕ್ತ ತುಂಬಿಸಿದಳು. ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಬಿಡಿಸುವವರ ಕೈ ಅದು. ಸಿಪ್ಪೆಯ ಎಣ್ಣೆಗೆ ಬೆರಳ ತುದಿಗಳು ಕಪ್ಪಾಗಿದ್ದವು, ಅಂಗೈ ಮಾತ್ರ ಸುಣ್ಣ ಬಳಿದಂತೆ ಬಿಳಿ. ಹತ್ತು ನಿಮಿಷ ಬಿಟ್ಟು ಇನ್ನೊಬ್ಬ ಗುಲಾಬಿ ಬಂದರು. ಅವರ ಕೈತುಂಬ ಚಿನ್ನದ ಬಳೆ.

ಮರುದಿನ ಬೆಳಿಗ್ಗೆ ಸಾಸ್ತಾನದ ಗುಲಾಬಿಯ ಮಗ ಸುಶಾಂತ್ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು ಕೌಂಟರಿನ ಮುಂದೆ ಹಾರಾಡಿದ. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಐದೂವರೆ ಎಂದು ರಿಪೋರ್ಟು ಬಂದಿತ್ತು. ಮನೆಯವರೆಲ್ಲ ರಾತ್ರಿಯಿಡೀ ಅತ್ತಿದ್ದರು. ಮತ್ತೆ ರಕ್ತ ತೆಗೆದು ನೋಡಿದರೆ ಹನ್ನೆರಡೂವರೆ. ಗೌರೀಶ ನಕ್ಕು, ಕೈಮುಗಿದು, ಮೆಷಿನ್ನಿನ ತೊಂದರೆ ಎಂದು ಹೇಳಿ ಅವರನ್ನು ಕಳಿಸಿಕೊಟ್ಟ.

ಅಕ್ಷಿತಾಳಿಗೆ ಇನ್ನೊಬ್ಬ ಗುಲಾಬಿಯ ನೆನಪಾಯಿತು. ಕಂಪ್ಯೂಟರಿನಲ್ಲಿ ಕೋಡಿಯ ಗುಲಾಬಿಯ ರಿಪೋರ್ಟು ತೆರೆದು ನೋಡಿದಳು. ಹನ್ನೆರಡೂವರೆ. ಆ ಬಿಳಿ ಅಂಗೈ ಅವಳ ಕಣ್ಣಿಗೆ ಕಟ್ಟಿದಂತಿತ್ತು.

"ಸರ್, ಟ್ಯೂಬ್ ಅದ್ಲು ಬದ್ಲ್ ಆಯ್ತ್. ಐದೂವರೆ ಆ ಕೋಡಿಯವರ್ದ್. ಅವರನ್ನ ಕರೀಕ್."

"ಐದೂವರೆ ಯಾರ್ದೂ ಅಲ್ಲ," ಎಂದ ಗೌರೀಶ, ತಲೆ ಎತ್ತದೆ. "ಮೆಷಿನ್ ತಪ್ಪ್ ಅಂತ ಹೇಳಿ ಆಯ್ತ್. ಮುಗೀತ್."

ರಕ್ತ ಯಾರದೂ ಅಲ್ಲವಂತೆ. ಯಾರದೋ ಮೈಯಿಂದ ಹರಿದು ಬಂದದ್ದು, ಈ ಮನುಷ್ಯ ಹೇಳಿದ ಕೂಡಲೇ ಅನಾಥವಾಗಿಬಿಡುತ್ತದಂತೆ. ಅಕ್ಷಿತಾಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನ ಮಾತು ಮುಗಿದಿರಲಿಲ್ಲ. ಸುಶಾಂತ್ ಆಡಳಿತದವರಿಗೂ ದೂರು ಕೊಟ್ಟಿದ್ದ. ಅವರಿಗೆ ಲಿಖಿತ ವಿವರಣೆ ಬೇಕಿತ್ತು.

"ನಿನ್ ಪುಸ್ತಕದಲ್ಲ್ ಈ ವಾರ ಹಿಂಗ್ ಬರಿ. ಟ್ಯೂಬನ್ನ ಸಮಾ ಅಲ್ಲಾಡ್ಸ್ಲಿಲ್ಲ, ರಕ್ತ ಹೆಪ್ಪುಗಟ್ಟಿ ಮೆಷಿನ್ ತಪ್ಪ್ ತೋರ್ಸ್ತ್. ಬೇಸರ ಆಯ್ತ್. ಮುಂದೆ ಜಾಗ್ರತೆ ಮಾಡ್ತೆ. ಕಲಿಯೋ ಮಕ್ಕಳ ತಪ್ಪ್ ಅಂದ್ರೆ ಯಾರೂ ಎಂತದೂ ಹೇಳುದಿಲ್ಲ. ನಾ ಸಹಿ ಹಾಕ್ತೆ."

ಅಂದರೆ ಸಹಿಯೂ ಸಿಕ್ಕಿತು, ಕೋಡಿಯ ಗುಲಾಬಿಯೂ ಮಾಯ. ಎಷ್ಟು ಅಚ್ಚುಕಟ್ಟು ನೋಡಿ. ಅಕ್ಷಿತಾ ರಿಜಿಸ್ಟರಿನಲ್ಲಿದ್ದ ಅವರ ನಂಬರಿಗೆ ಫೋನು ಮಾಡಿದಳು. ಅದು ಚಾಲ್ತಿಯಲ್ಲಿರಲಿಲ್ಲ. ಡ್ಯೂಟಿ ಮುಗಿಸಿ, ಬೈಂದೂರಿನ ಬಸ್ಸು ಬಿಟ್ಟು, ಕೋಡಿಯ ಬಸ್ಸು ಹತ್ತಿದಳು.

ಗೇರುಬೀಜದ ಕೆಲಸದ ಗುಲಾಬಿ ಎಂದು ನಾಲ್ಕು ಮನೆಯಲ್ಲಿ ಕೇಳಿದ ಮೇಲೆ ಮನೆ ಸಿಕ್ಕಿತು. ಗುಲಾಬಿ ಆಗಷ್ಟೇ ಕೆಲಸದಿಂದ ಬಂದು, ಚಪ್ಪಲಿ ಕೂಡ ಬಿಚ್ಚದೆ ಜಗಲಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದರು.

"ನೀನ್ ರಕ್ತ ತೆಗ್ದ ಹುಡ್ಗಿ ಅಲ್ದಾ? ಎಂತ ಮಗಾ, ಇಲ್ಲಿ ತನಕ?"

"ಅಮ್ಮ, ಇವತ್ತ್ ಕೆಲ್ಸಕ್ಕೆ ಹೋಯಿದ್ರಾ?"

"ಹೋಗದೆ? ರಿಪೋರ್ಟ್ ಸಮ ಇತ್ತಂಬ್ರ್. ಡಾಕ್ಟ್ರು ಎಂತದೂ ಇಲ್ಲ ಅಂದ್ರ್. ಸೊಸೆ ಮೊದ್ಲೇ ಹೇಳ್ತಿದ್ಲ್, ಇದೆಲ್ಲ ಕೆಲ್ಸ ತಪ್ಸೋ ನಾಟ್ಕ ಅಂತ."

"ಅದ್ ನಿಮ್ ರಿಪೋರ್ಟ್ ಅಲ್ಲ ಅಮ್ಮ. ಬೇರೆಯೋರ್ದ್. ನಿಮ್ ಮೈಯಂಗೆ ರಕ್ತ ಅರ್ಧಕ್ಕಿಂತ ಕಮ್ಮಿ ಇತ್ತ್. ತಪ್ಪ್ ನಮ್ದ್."

ಗುಲಾಬಿ ಬೈಯುತ್ತಾರೆ ಎಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವರು ತಮ್ಮ ಕಪ್ಪು ಬೆರಳುಗಳನ್ನು ನೋಡಿಕೊಂಡು, ಸಣ್ಣ ದನಿಯಲ್ಲಿ ಕೇಳಿದರು: "ಹಂಗಾರೆ ನಂಗೆ ಉಸ್ರ್ ಕಟ್ಟುದ್ ಸುಳ್ಳಲ್ಲ, ಅಲ್ದಾ?"

ಅವರ ಮುಖದಲ್ಲಿದ್ದದ್ದು ಸಮಾಧಾನ. ಒಂದು ಚೀಟಿ ತಪ್ಪಿ ಅಂಟಿಸಿ, ಈ ಹೆಂಗಸಿನ ಉಸಿರನ್ನೇ ಸುಳ್ಳು ಮಾಡಿಬಿಟ್ಟಿದ್ದರು. ಅದನ್ನು ಮಾಡಿದವರಲ್ಲಿ ಅಕ್ಷಿತಾಳೂ ಒಬ್ಬಳು.

ಬುಧವಾರ ಅವಳು ಲ್ಯಾಬಿಗೆ ಹೋಗಲಿಲ್ಲ. ಗುಲಾಬಿಯನ್ನು ಆಟೊದಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಳು. ಅಲ್ಲಿ ಐದು ಪಾಯಿಂಟ್ ಮೂರು ಬಂತು. ಕೂಡಲೇ ಅಡ್ಮಿಟ್ ಮಾಡಿಕೊಂಡರು. ಒಂದು ಬಾಟಲಿ ರಕ್ತ ಮುಗಿದು ಎರಡನೆಯದು ಹಾಕುವಾಗ ನರ್ಸು ಮಂಚದ ಬಳಿ ನಿಂತು, ಹೆಸರು, ವಯಸ್ಸು, ಊರು ಮೂರನ್ನೂ ಗುಲಾಬಿಯಿಂದಲೇ ಹೇಳಿಸಿದರು. ಅದಕ್ಕೆ ಅರ್ಧ ನಿಮಿಷ ಹಿಡಿಯಿತು. ಅಕ್ಷಿತಾ ಗಡಿಯಾರ ನೋಡಿದ್ದಳು.

ಅಂದೇ ಪುಸ್ತಕ ಬರೆದಳು. ಇಂಗ್ಲಿಷಿನಲ್ಲಿ ಬರೆಯಬೇಕೆಂಬ ನಿಯಮವಿತ್ತು. ಅವಳು ಕನ್ನಡದಲ್ಲೇ ಬರೆದಳು, ಏಕೆಂದರೆ ಸಿಟ್ಟು ಬಂದದ್ದು ಕನ್ನಡದಲ್ಲಿ. ಮೊದಲ ಕಲಮಿನಲ್ಲಿ ನಡೆದದ್ದನ್ನೆಲ್ಲ ಬರೆದಳು, ತಾನು ಹೆಸರು ಕೇಳದೆ ಸೂಜಿ ಚುಚ್ಚಿದ್ದನ್ನೂ ಬಿಡಲಿಲ್ಲ. ಎರಡನೆಯದರಲ್ಲಿ ಎರಡೇ ಪದ: ಸಿಟ್ಟು ಬಂತು. ಮೂರನೆಯದರಲ್ಲಿ: ಹೆಸರು ಕೇಳದೆ ಯಾರ ರಕ್ತವನ್ನೂ ತೆಗೆಯುವುದಿಲ್ಲ, ಯಾರು ಹೇಳಿದರೂ. ಮರುದಿನ ಗೌರೀಶ ಅದನ್ನು ಓದಿ, ಸಹಿ ಹಾಕದೆ, 'ಶಿಸ್ತು ಇಲ್ಲ' ಎಂದು ಕೆಂಪು ಶಾಯಿಯಲ್ಲಿ ಗೀಚಿ ಕೊಟ್ಟ.

ಶುಕ್ರವಾರ ಬ್ರಹ್ಮಾವರದಲ್ಲಿ ಶ್ರೀವಿದ್ಯಾ ಮೇಡಂ ಆ ಪುಟವನ್ನು ಎರಡು ಸಲ ಓದಿದರು. ಆಮೇಲೆ ಎದ್ದುಹೋಗಿ ಬಾಗಿಲು ಹಾಕಿ ಬಂದರು.

"ನೀನ್ ಮಾಡ್ದ್ ಸರಿ. ನಾ ಅದ್ಕ್ ಎಂತದೂ ಹೇಳ್ತಿಲ್ಲೆ. ಆದ್ರೆ ಬಪ್ಪು ವರ್ಷ ಹನ್ನೆರಡ್ ಮಕ್ಕಳನ್ನ ಅಲ್ಲಿಗೇ ಕಳ್ಸುಕ್ ಇತ್ತ್, ಅಕ್ಷಿತಾ. ನಾ ಗೌರೀಶರ ಹತ್ರ ಮಾತಾಡಿದೆ. ಮೊದಲ್ನೇ ಕಲಂ ಸ್ವಲ್ಪ ಚಿಕ್ಕದ್ ಮಾಡು, ಈ ಸಿಟ್ಟು ಅನ್ನೂದನ್ನ ತೆಗಿ. ಬೇಸರ ಆಯ್ತ್ ಅಂತ ಬರಿ. ಅವ್ರೂ ಸಹಿ ಹಾಕ್ತ್ರ್, ನಾನೂ ಹಾಕ್ತೆ. ಈ ಕೆಲ್ಸದಂಗೆ ಇಪ್ಪೋರ್ ಸಿಟ್ಟ್ ಮಾಡ್ಕಂಬುಕ್ ಆಗ."

"ಬೇಸರ ಆಗಿದ್ರೆ ಮನೆಗ್ ಹೋತಿದ್ದೆ, ಮೇಡಂ," ಎಂದಳು ಅಕ್ಷಿತಾ. "ಸಿಟ್ಟ್ ಬಂದದ್ದಕ್ಕೇ ಕೋಡಿಗ್ ಹೋದ್ದ್."

ಮೇಡಂ ಪುಸ್ತಕವನ್ನು ಅವಳತ್ತ ತಿರುಗಿಸಿ, ತಮ್ಮ ಪೆನ್ನನ್ನು ಅದರ ಮೇಲಿಟ್ಟರು. ಅಕ್ಷಿತಾ ಪೆನ್ನು ಎತ್ತಿಕೊಂಡಾಗ ಅವರ ಮುಖದ ಬಿಗಿ ಸಡಿಲಿತು.

'ಸಿಟ್ಟು ಬಂತು' ಎಂಬುದರ ಮುಂದೆ ಅಕ್ಷಿತಾ 'ಇನ್ನೂ ಇಳಿದಿಲ್ಲ' ಎಂದು ಬರೆದಳು. ಕೆಳಗೆ ತನ್ನ ಪೂರ್ತಿ ಹೆಸರು, ವಯಸ್ಸು, ಊರು ಬರೆದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಪುಸ್ತಕವನ್ನು ಮೇಡಂ ಕಡೆಗೆ ತಳ್ಳಿದಳು.