ಬಾಡಿದ ಕೆನ್ನೆಗೆ ಎಣ್ಣೆಸೂಜಿ

ಪೂರಿಗಾಲಿಯ ಲಿಂಗಯ್ಯನ ಕೆನ್ನೆಗಳು ಒಂದೇ ವರ್ಷದಲ್ಲಿ ಗುಳಿ ಬಿದ್ದವು. ಮೊದಲು ಹಲ್ಲುನೋವು ಬಂತು. ಸಂತೆಯಲ್ಲಿ ಕೂತು ಹಲ್ಲು ಕೀಳುವವನ ಕೈಯಲ್ಲಿ ಮೇಲ್ಗಡೆಯ ಹತ್ತು ಹಲ್ಲು ಕೀಳಿಸಿಕೊಂಡ. ಆಮೇಲೆ ವಿಷಮಶೀತ ಜ್ವರ ಬಂದು ಒಂದೂವರೆ ತಿಂಗಳು ಮಲಗಿದ. ಎದ್ದಾಗ ನಲವತ್ತರ ಆಳು ಅರವತ್ತರ ಮುದುಕನಂತೆ ಕಾಣುತ್ತಿದ್ದ.

ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಅಂತ ಸುಮ್ಮನಿರುತ್ತಿದ್ದರು. ಲಿಂಗಯ್ಯನಿಗೆ ಹಾಗಿರಲು ಆಗಲಿಲ್ಲ. ಊರಿನ ಪೌರಾಣಿಕ ನಾಟಕದಲ್ಲಿ ಹನ್ನೆರಡು ವರ್ಷದಿಂದ ಅವನೇ ಕೃಷ್ಣ. ೧೯೭೮ರಲ್ಲಿ ಸುಗ್ಗಿ ಮುಗಿದು ತಾಲೀಮು ಶುರುವಾದಾಗ ನಾಟಕದ ಮೇಷ್ಟ್ರು ಶಿವಣ್ಣ, "ಈ ಸಲ ಕೃಷ್ಣನ ಪಾತ್ರ ಯಾರ್ಗೆ ಅಂತ ಇನ್ನೂ ಯೋಚ್ನೆ ಮಾಡಾನ ಕಣಪ್ಪ" ಎಂದರು. ಯಾಕೆ ಎಂದು ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ. ಮನೆಗೆ ಬಂದು ಕನ್ನಡಿ ಮುಂದೆ ನಿಂತ. ಬಾಯೊಳಗೆ ಗಾಳಿ ತುಂಬಿ ಕೆನ್ನೆ ಉಬ್ಬಿಸಿದ. ಗಾಳಿ ಬಿಟ್ಟ. ಮತ್ತೆ ಗುಳಿ.

ಒಲೆ ಮುಂದೆ ಕೂತಿದ್ದ ಹೆಂಡತಿ ದೇವಿರಮ್ಮ ಇದನ್ನು ನೋಡಿದಳು.

ಗಂಡನ ಸಂಕಟ ನೋಡಲಾರದೆ ಅವಳೊಂದು ಕೆಲಸ ಮಾಡಿದಳು. ನಾದಿನಿಯ ಮಗು ನೋಡಲು ಮದ್ದೂರಿಗೆ ಹೋದವಳು ಬಸ್‌ಸ್ಟಾಂಡಿನಲ್ಲಿ ಹಂಚುತ್ತಿದ್ದ ಒಂದು ಕರಪತ್ರವನ್ನು ಮಡಚಿ ತಂದಳು. ಅವಳಿಗೆ ಓದು ಬಾರದು. ಆದರೆ ಅದರಲ್ಲಿ ಎರಡು ಮುಖದ ಚಿತ್ರವಿತ್ತು. ಒಂದು ಬಾಡಿದ್ದು, ಇನ್ನೊಂದು ತುಂಬಿದ್ದು. ಲಿಂಗಯ್ಯ ಗಟ್ಟಿಯಾಗಿ ಓದಿದ. "ಗುಳಿಬಿದ್ದ ಕೆನ್ನೆಗೆ ವಿದೇಶಿ ಸೂಜಿಮದ್ದು. ಎಣ್ಣೆಯಂಥದ್ದು, ಒಳಗೆ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ನೋವಿಲ್ಲ, ಪಥ್ಯವಿಲ್ಲ." ಕೆಳಗೆ ಮದ್ದೂರಿನ ಒಂದು ಲಾಡ್ಜಿನ ರೂಮ್ ನಂಬರು.

"ಒಳ್ಳೇ ಕೆಲ್ಸ ಮಾಡ್ದೆ ಕಣೇ" ಎಂದು ಲಿಂಗಯ್ಯ ಬಹಳ ದಿನದ ಮೇಲೆ ನಕ್ಕ.

ಸೋಮವಾರ ಮೊದಲನೇ ಬಸ್ಸಿಗೆ ಅವನು ಹೊರಟ. ಬಸ್ಸಿನ ಸದ್ದು ಅಡಗಿದ ಮೇಲೆ ದೇವಿರಮ್ಮನಿಗೆ ಯೋಚನೆ ಹತ್ತಿತು. ಮುಖಕ್ಕೆ ಸೂಜಿಯಂತೆ. ಅದೇನು ಎಣ್ಣೆಯೋ? ರಾಗಿ ಕೇರುತ್ತಾ ಕೂತವಳು ಕಲ್ಲನ್ನೂ ಕಾಳನ್ನೂ ಒಂದೇ ಕಡೆ ಹಾಕುತ್ತಿದ್ದಳು.

ಅಷ್ಟು ಹೊತ್ತಿಗೆ ಮನೆಮನೆಗೆ ಭೇಟಿ ಕೊಡುವ ನರ್ಸು ಪದ್ಮಮ್ಮ ಬಾಗಿಲಿಗೆ ಬಂದರು.

"ಏನು ದೇವಿರಮ್ಮ, ಮುಖ ಹೀಗಿದೆ? ನಿಮ್ಮ ಯಜಮಾನ್ರು ಎಲ್ಲಿ?"

"ಮದ್ದೂರ್ಗೆ ಒಂಟೋದ್ರು ಕಣಮ್ಮ. ಕೆನ್ನೆ ತುಂಬ್ಸಕ್ಕೆ ಸೂಜಿ ಆಕಿಸ್ಕತಾರಂತೆ. ಎಣ್ಣೆ ತರದ ಮದ್ದಂತೆ. ಒಳಕ್ಕೆ ಬುಟ್ರೆ ಅಲ್ಲೇ ನಿಂತ್ಕತದಂತೆ."

ಪದ್ಮಮ್ಮ ಜಗುಲಿ ಮೇಲೆ ಕೂರಲು ಹೊರಟವರು ಹಾಗೇ ನಿಂತರು. "ಹೊರಡಿ. ಮುಂದಿನ ಬಸ್ಸು ಸಿಗುತ್ತೆ. ನಾನೂ ಬರ್ತೀನಿ."

"ಏನಾಯ್ತದಮ್ಮ? ಏನಾರ ಆಯ್ತದಾ?"

"ದಾರಿಯಲ್ಲಿ ಹೇಳ್ತೀನಿ. ಬಾಗಿಲು ಹಾಕಿಕೊಳ್ಳಿ."

ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಮದ್ದೂರಿನ ಬಸ್ಸು ಮುಕ್ಕಾಲು ಗಂಟೆ ಬರಲಿಲ್ಲ. ದೇವಿರಮ್ಮ ಬಿಡಿಸಿ ಬಿಡಿಸಿ ಕೇಳಿದಾಗ ಪದ್ಮಮ್ಮ ಮೆಲ್ಲಗೆ ಹೇಳಿದರು. "ಮುಖದ ತುಂಬಾ ರಕ್ತನಾಳ ಇರುತ್ತೆ ಕಣಮ್ಮ. ಆ ಎಣ್ಣೆ ತಪ್ಪಿ ನಾಳದೊಳಗೆ ಹೋದ್ರೆ ಚರ್ಮ ಸಾಯಬಹುದು. ಕಣ್ಣೂ ಹೋಗಬಹುದು."

ಕೊನೆಗೆ ಮದ್ದೂರಿನ ಬಸ್ಸು ಬಂತು. ಅದು ನಿಂತಲ್ಲೆಲ್ಲ ದೇವಿರಮ್ಮ ಡ್ರೈವರನ ಬೆನ್ನನ್ನೇ ನೋಡುತ್ತಿದ್ದಳು. ಆ ಚೀಟಿ ತಂದವಳು ನಾನು, ನಾನೇ, ಎಂದು ಒಳಗೊಳಗೆ ಅನ್ನಿಸುತ್ತಿತ್ತು.

ಲಾಡ್ಜಿನ ರೂಮಿನ ಬಾಗಿಲು ತಳ್ಳಿದಾಗ, ಮುಂದಿದ್ದವರ ಸರದಿ ಮುಗಿದು ಲಿಂಗಯ್ಯ ಕುರ್ಚಿಯ ಮೇಲೆ ಕೂತಿದ್ದ. ಬಲಗೆನ್ನೆ ಆಗಲೇ ತುಂಬಿತ್ತು. ಒಂದು ಗಳಿಗೆ ದೇವಿರಮ್ಮನಿಗೆ ಆಸೆಯೇ ಆಯಿತು. ಆ ಅರ್ಧ ಮುಖ ಅವಳು ಮದುವೆಯಾಗಿ ಬಂದಾಗ ಕಂಡ ಮುಖ! ಎಡಗೆನ್ನೆ ಮಾತ್ರ ಗುಳಿಯಾಗಿಯೇ ಇತ್ತು. ಬಿಳಿ ಕೋಟಿನ ಒಬ್ಬ ಮನುಷ್ಯ ಅದೇ ಸೂಜಿಯನ್ನು, ಕುದಿಸದೆ, ಒಂದು ಸೀಸೆಗೆ ಅದ್ದಿ ಎಳೆಯುತ್ತಿದ್ದ.

"ಸೀಸೆಯಲ್ಲಿ ಏನಿದೆ?" ಪದ್ಮಮ್ಮ ಕೇಳಿದರು.

"ಸಿಲಿಕೋನ್. ಅಮೆರಿಕದಲ್ಲಿ ಸಿನಿಮಾದವರೆಲ್ಲ ಹಾಕಿಸ್ಕೋತಾರೆ."

"ಮತ್ತೆ ಸೀಸೆ ಮೇಲೆ ಒಂದಕ್ಷರವೂ ಇಲ್ಲವಲ್ಲ? ಯಾರು ಮಾಡಿದ್ದು, ಯಾವಾಗ ಮಾಡಿದ್ದು? ನೀವು ಎಲ್ಲಿ ಓದಿದ ಡಾಕ್ಟ್ರು? ಹೆಸರು, ರಿಜಿಸ್ಟ್ರೇಷನ್ ನಂಬರು ಒಂದು ಚೀಟಿಯಲ್ಲಿ ಬರೆದುಕೊಡಿ."

"ನಂಬಿಕೆ ಇದ್ದೋರು ಬರ್ತಾರೆ. ಇಲ್ಲದೋರು ಹೋಗ್ಲಿ" ಎಂದು ಅವನು ಮುಖ ತಿರುಗಿಸಿದ. ಪೆನ್ನು ಮಾತ್ರ ಮುಟ್ಟಲಿಲ್ಲ.

ಲಿಂಗಯ್ಯನಿಗೆ ರೇಗಿತು. "ನರ್ಸಮ್ಮ, ನೀವು ಸುಮ್ಕಿರಿ. ಒಂದ್ ಕೆನ್ನೆ ತುಂಬ್ಕಂಡು ಒಂದ್ ಕೆನ್ನೆ ಗುಳಿ ಬುಟ್ಕಂಡು ಊರಿಗೆ ಎಂಗ್ ಓಗ್ಲಿ ನಾನು? ಜನ ನಗಾಕಿಲ್ವಾ?"

ದೇವಿರಮ್ಮ ಅವನ ರಟ್ಟೆ ಹಿಡಿದಳು. "ನಗ್ಲಿ ಬುಡಿ. ಆ ಚೀಟಿ ತಂದೋಳು ನಾನು. ನಿಮ್ ಕಣ್ಗೇನಾರ ಆದ್ರೆ ನಾನ್ ಎಂಗ್ ಬದುಕ್ಲಿ? ಏಳಿ, ಏಳಿ ಅಂದ್ರೆ!"

"ಒಂದು ಗಂಟೆ ಕೊಡಿ ಲಿಂಗಯ್ಯ" ಎಂದರು ಪದ್ಮಮ್ಮ. "ನಾನು ಮುಂಚೆ ನಿಡಘಟ್ಟದಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಒಬ್ಬರನ್ನ ತೋರಿಸ್ತೀನಿ. ನೋಡಿದ ಮೇಲೂ ಬೇಕು ಅನ್ನಿಸಿದ್ರೆ ವಾಪಸ್ ಬನ್ನಿ. ನಾನು ತಡೆಯಲ್ಲ." ಲಿಂಗಯ್ಯ ಗೊಣಗುತ್ತಲೇ ಎದ್ದ.

ನಿಡಘಟ್ಟದ ಹೊನ್ನಯ್ಯ ಒಂದು ಕಾಲದಲ್ಲಿ ಹೆಣ್ಣುಪಾತ್ರ ಕಟ್ಟುತ್ತಿದ್ದವನು. ಬೊಂಬಾಯಿಗೆ ಹೋದಾಗ ಹದಿನೈದು ವರ್ಷದ ಹಿಂದೆ ಕೆನ್ನೆಗೆ ಸೂಜಿ ಹಾಕಿಸಿಕೊಂಡಿದ್ದ. ಈಗ ಮನೆಯೊಳಗೂ ಮುಖಕ್ಕೆ ಟವಲು ಸುತ್ತಿಕೊಂಡೇ ಇರುತ್ತಿದ್ದ. ಪದ್ಮಮ್ಮ ಕೇಳಿಕೊಂಡ ಮೇಲೆ ಟವಲು ಬಿಚ್ಚಿದ. ಕೆನ್ನೆ ಕೆಂಪಗೆ ಕಲ್ಲಾಗಿತ್ತು. ಗಂಟುಗಳು ದವಡೆಯ ಕೆಳಗೆ ಜಾರಿದ್ದವು. ಒಂದು ಗಂಟು ಒಡೆದು ಕೀವು ಒಸರುತ್ತಿತ್ತು.

"ಮುಟ್ಟಿ ನೋಡಪ್ಪ" ಎಂದ. ಲಿಂಗಯ್ಯ ಮುಟ್ಟಿ, ಕೈ ಹಿಂದಕ್ಕೆ ಎಳೆದುಕೊಂಡ. "ನಂಗೆ ಆಕಿದ್ದು ಮೇಣ. ಕಾಯ್ಸಿ ಬುಟ್ರು. ಎರಡು ವರ್ಸ ನಾನೂ ಚಂದಾಗೇ ಇದ್ದೆ ಕಣಪ್ಪ. ಎಲ್ರೂ ಒಗಳೋರು. ಆಮೇಕೆ ಗಂಟು ಕಟ್ಕತಾ ಬಂತು. ತೆಗೀರಿ ಅಂತ ಆಸ್ಪತ್ರೆಗೆ ಓದ್ರೆ, ಮಾಂಸದ್ ಜೊತೆ ಎಣ್ಕಂಡದೆ, ಕಿತ್ರೆ ಮೊಕಾನೇ ಕಿತ್ಕಬತ್ತದೆ ಅಂದ್ರು."

ಹೊರಗೆ ಬಂದ ಮೇಲೂ ಲಿಂಗಯ್ಯ ಸೋಲಲಿಲ್ಲ. "ಅವನ್ದು ಮೇಣ. ನಂದು ಎಣ್ಣೆ" ಎಂದ. ಕೈ ಮಾತ್ರ ಬಲಗೆನ್ನೆಯನ್ನು ಮೆಲ್ಲಗೆ ಒತ್ತಿ ನೋಡುತ್ತಿತ್ತು.

ಅವತ್ತೇ ಮಧ್ಯಾಹ್ನ ಪದ್ಮಮ್ಮ ಇಬ್ಬರನ್ನೂ ಮಂಡ್ಯಕ್ಕೆ, ಚರ್ಮದ ಡಾಕ್ಟರು ಕಸ್ತೂರಿರಂಗ ಅವರ ಬಳಿಗೆ ಕರೆದುಕೊಂಡು ಹೋದರು. ಡಾಕ್ಟರು ಬಲಗೆನ್ನೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಒಂದೊಂದು ಕಣ್ಣು ಮುಚ್ಚಿಸಿ, "ಎಷ್ಟು ಬೆರಳು?" ಎಂದು ಕೇಳಿದರು. ಲಿಂಗಯ್ಯ ಸರಿಯಾಗಿ ಹೇಳಿದ. ಪಕ್ಕದಲ್ಲಿ ದೇವಿರಮ್ಮನೂ ಬೆರಳು ಎಣಿಸುತ್ತಿದ್ದಳು.

"ಕಣ್ಣಿಗೆ ಏನೂ ಆಗಿಲ್ಲ. ಪುಣ್ಯ ನಿನ್ನದು" ಎಂದರು ಡಾಕ್ಟರು.

"ಸ್ವಾಮಿ, ಮೇಣಕ್ಕೂ ಎಣ್ಣೆಗೂ ವ್ಯತ್ಯಾಸ ಇಲ್ವಾ?" ಲಿಂಗಯ್ಯ ಕೇಳಿದ.

"ಇದೆ. ಕೇಳು. ಮೇಣ ಬಹಳ ಹಳೇ ಕಾಲದ್ದು. ಪರದೇಶದವರು ಎಪ್ಪತ್ತು ವರ್ಷದ ಹಿಂದೆ ಹಾಕಿ, ಗಂಟು, ಹುಣ್ಣು ಕಂಡು ಕೈಬಿಟ್ಟರು. ಈ ಸಿಲಿಕೋನ್ ಎಣ್ಣೆ ಆಮೇಲೆ ಬಂತು. ಶುದ್ಧ ಮಾಡಿದ್ದನ್ನ ಅಲ್ಲಿನ ಕೆಲವು ಡಾಕ್ಟರು ಒಂದೊಂದೇ ಹನಿ ಹಾಕಿ ಪರೀಕ್ಷೆ ಮಾಡ್ತಿದ್ದಾರೆ. ಅದೂ ಎಲ್ಲರಿಗೂ ಒಪ್ಪಿಗೆಯಾದ ಮದ್ದಲ್ಲ. ಲಾಡ್ಜಿನ ಸೀಸೆಯಲ್ಲಿ ಇದ್ದದ್ದು ಯಂತ್ರಕ್ಕೆ ಬಿಡುವ ಎಣ್ಣೆಯೋ, ಕಲಬೆರಕೆಯೋ ಯಾರಿಗೆ ಗೊತ್ತು? ಮೇಣ, ಎಣ್ಣೆ ಎರಡಕ್ಕೂ ಒಂದೇ ದೋಷ. ಒಳಗೆ ಹೋದದ್ದು ಕರಗಲ್ಲ, ಹೊರಗೂ ಬರಲ್ಲ."

"ಬೇರೆ ಏನೂ ಇಲ್ವಾ ಸ್ವಾಮಿ, ಕೆನ್ನೆ ತುಂಬ್ಸಕ್ಕೆ?" ದೇವಿರಮ್ಮನೇ ಕೇಳಿಬಿಟ್ಟಳು.

"ಇದೆಯಮ್ಮ. ಗಾಯದಿಂದಲೋ ಕಾಯಿಲೆಯಿಂದಲೋ ಮುಖ ಕೆಟ್ಟವರಿಗೆ ಅವರದೇ ಹೊಟ್ಟೆಯ ಕೊಬ್ಬನ್ನ ತುಣುಕು ತೆಗೆದು ಒಳಗಿಡ್ತಾರೆ. ಅದು ದೊಡ್ಡ ಆಸ್ಪತ್ರೆಯ ಆಪರೇಷನ್ನು. ಇಟ್ಟದ್ದರಲ್ಲಿ ಸ್ವಲ್ಪ ಕರಗಿಯೂ ಹೋಗುತ್ತೆ. ಈಗೀಗ ದನದ ಚರ್ಮದಿಂದ ತೆಗೆದ ಒಂದು ಸತ್ವವನ್ನೂ ಪರದೇಶದಲ್ಲಿ ಪರೀಕ್ಷೆ ಮಾಡ್ತಿದ್ದಾರಂತೆ. ಅದಿನ್ನೂ ಎಲ್ಲೂ ಮಾರಾಟಕ್ಕೆ ಬಂದಿಲ್ಲ."

"ದನದ್ದಾ! ಶಿವಶಿವಾ" ಎಂದು ದೇವಿರಮ್ಮ ಕೆನ್ನೆ ಬಡಿದುಕೊಂಡಳು. ಡಾಕ್ಟರು ನಕ್ಕರು. ಆಮೇಲೆ ಗಂಭೀರವಾಗಿ ಲಿಂಗಯ್ಯನ ಕಡೆ ತಿರುಗಿದರು.

"ಕೆನ್ನೆ ಯಾಕೆ ಬತ್ತಿತು ಅಂತ ಯಾರಿಗಾದರೂ ತೋರಿಸಿದೆಯೇನಪ್ಪ? ಕ್ಷಯ ಇದ್ದರೂ ಬತ್ತುತ್ತೆ. ಸಕ್ಕರೆ ಕಾಯಿಲೆ ಇದ್ದರೂ ಬತ್ತುತ್ತೆ. ಹಲ್ಲು ಹೋದರೆ ಒಳಗೆ ಆನಿಕೆ ಇಲ್ಲದೆ ಕುಸಿಯುತ್ತೆ. ಮೊದಲು ಅದನ್ನ ನೋಡೋಣ."

ಕಫ, ಮೂತ್ರ ಪರೀಕ್ಷೆ ಆಯಿತು. ಎದೆಯ ಫೋಟೋ ತೆಗೆಸಿದ್ದಾಯಿತು. ಫಲಿತಾಂಶ ಬರುವವರೆಗಿನ ನಾಲ್ಕು ದಿನ ಮನೆಯಲ್ಲಿ ಯಾರಿಗೂ ಅನ್ನ ರುಚಿಸಲಿಲ್ಲ. ಕಾಯಿಲೆ ಏನೂ ಇರಲಿಲ್ಲ. ಹಲ್ಲಿಲ್ಲದ್ದು, ಜ್ವರದ ಮೇಲೆ ಸರಿಯಾಗಿ ಅಗಿದು ತಿನ್ನದೆ ಸೊರಗಿದ್ದು, ಅಷ್ಟೇ. ಹಲ್ಲಿನ ಡಾಕ್ಟರು ಅಳತೆ ತೆಗೆದು ಕಟ್ಟುಹಲ್ಲು ಮಾಡಿಕೊಟ್ಟರು. ದೇವಿರಮ್ಮ ದಿನಾ ಮೊಟ್ಟೆ, ಹುರುಳಿಸಾರು, ಮುದ್ದೆ ಹಾಕಿದಳು. ಎರಡು ತಿಂಗಳಲ್ಲಿ ಎಡಗೆನ್ನೆ ತಾನಾಗಿ ಒಂದಿಷ್ಟು ತುಂಬಿಕೊಂಡಿತು.

ಒಂದು ಸಂಜೆ ತಾಲೀಮಿನಲ್ಲಿ ಲಿಂಗಯ್ಯ ಒಂದು ಪದ್ಯ ಹೇಳಿದ. ಶಿವಣ್ಣ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು. "ಲೋ, ಈಗ ನೋಡ್ಲಾ ಮಾತು! ಪಾತ್ರ ನಿಂದೇ ಕಣ್ಲಾ."

"ಅಲ್ಲ ಮೇಷ್ಟ್ರೇ, ಕೆನ್ನೆ ಗುಳಿ ಬಿದ್ದದೆ ಅಂತ ಬ್ಯಾಡ ಅಂದಿದ್ರಲ್ಲ?"

"ಕೆನ್ನೆ ಯಾವನ್ಲಾ ನೋಡ್ದೋನು? ಬಣ್ಣ ಬಳುದ್ರೆ ಎಲ್ಲಾ ಸರಿಯಾಯ್ತದೆ. ಹಲ್ಲಿಲ್ದೆ ನೀನು 'ಪಾರ್ಥ' ಅಂದ್ರೆ ಬರೀ ಗಾಳಿ ಬತ್ತಿತ್ತು. ಬೇಜಾರಾಯ್ತದೆ ಅಂತ ಬಾಯ್ಬುಟ್ಟು ಏಳ್ಲಿಲ್ಲ ಕಣ್ಲಾ."

ಮನೆಗೆ ಬಂದು ಇದನ್ನು ಹೇಳುತ್ತಾ ಲಿಂಗಯ್ಯ ನಗುವುದಕ್ಕೆ ಹೋಗಿ ಅತ್ತುಬಿಟ್ಟ. ಅವತ್ತೇ ಮೇಷ್ಟ್ರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಪದ್ಮಮ್ಮ ದೂರು ಕೊಟ್ಟು, ಪೊಲೀಸರು ಹೋಗುವಷ್ಟರಲ್ಲಿ ಲಾಡ್ಜಿನ ರೂಮು ಖಾಲಿಯಾಗಿತ್ತು. ಆ ಮನುಷ್ಯ ಈಗ ಯಾವ ಊರಿನಲ್ಲಿದ್ದಾನೋ ಯಾರಿಗೂ ತಿಳಿಯದು.

ಸೂಜಿಯ ಊತ ಇಳಿದ ಮೇಲೆ ಲಿಂಗಯ್ಯನ ಬಲಗೆನ್ನೆಯೊಳಗೆ ಹುಣಸೆಬೀಜದಷ್ಟು ಒಂದು ಗಂಟು ನಿಂತಿದೆ. ಬೆಳೆಯುತ್ತದೋ ಇಲ್ಲವೋ ಡಾಕ್ಟರೂ ಹೇಳಲಾರರು. ಆರು ತಿಂಗಳಿಗೊಮ್ಮೆ ಮಂಡ್ಯಕ್ಕೆ ಹೋಗಿ ತೋರಿಸಬೇಕು. ದೇವಿರಮ್ಮ ದಿನಾ ಬೆಳಿಗ್ಗೆ ಅವನ ಕೆನ್ನೆ ಮುಟ್ಟಿ ನೋಡುತ್ತಾಳೆ. "ಅಷ್ಟೇ ಅದೆ ಕಣಿ" ಎನ್ನುತ್ತಾಳೆ. ಅಷ್ಟು ಹೇಳಿದ ಮೇಲೇ ಅವಳಿಗೆ ಅವತ್ತಿನ ಕೆಲಸಕ್ಕೆ ಕೈ ಬರುವುದು.

ಅಕ್ಕಂದಿರೇ, ಅಣ್ಣಂದಿರೇ, ಮುಖ ಚೆನ್ನಾಗಿರಲಿ ಎಂದು ಆಸೆಪಡುವುದು ತಪ್ಪಲ್ಲ. ಆದರೆ ನಿಮ್ಮ ಮುಖಕ್ಕೆ ಯಾರಾದರೂ ಸೂಜಿ ಹಿಡಿದು ಬಂದರೆ ಮೊದಲು ಅವರ ಕೈ ತಡೆಯಿರಿ. ಸೀಸೆಯಲ್ಲಿ ಏನಿದೆ, ಕೊಡುವವರು ಎಲ್ಲಿ ಓದಿದವರು ಎಂದು ಕೇಳಿ. ನಾಳೆ ಬೇಡವೆಂದರೆ ತೆಗೆಯಲು ಬರುತ್ತದೆಯೇ ಎಂದೂ ಕೇಳಿ. ಬರೆದುಕೊಡಲು ಹಿಂಜರಿಯುವವರ ಮುಂದೆ ಒಂದು ನಿಮಿಷವೂ ಕೂರಬೇಡಿ. ಕೆನ್ನೆ ಬತ್ತಿದ್ದರೆ ಯಾಕೆ ಬತ್ತಿದೆ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಇಂಥ ಸೂಜಿ ಈಗಾಗಲೇ ಹಾಕಿಸಿಕೊಂಡಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ಇವತ್ತೇ ಡಾಕ್ಟರ ಬಳಿಗೆ ಹೋಗಿ. ಓದು ಬಾರದ ನೆರೆಯವರಿಗೆ ಇದನ್ನು ಓದಿ ಹೇಳಿ. ಅವರ ಮನೆಯಿಂದ ಯಾರೋ ನಾಳೆ ಮೊದಲನೇ ಬಸ್ಸಿಗೆ ಹೊರಟಿರಬಹುದು.